ಸೈಕಲ್ ತುಳಿಯುವವನ ಜೀವಕ್ಕೆ ಬೆಲೆ ಎಷ್ಟು?

ದೀಪಾವಳಿ ಮುಗಿದು ಕಾರ್ತಿಕದ ಚಳಿ ಹಿಡಿಯಿತೆಂದರೆ ನಮ್ಮ ಜಿಲ್ಲೆಯ ಸಾಹೇಬರು ಪೆಟ್ಟಿಗೆಯಿಂದ ಉಣ್ಣೆಯ ಕೋಟು ತೆಗೆಯುತ್ತಾರೆ. ಗಿರಣಿಯ ಕಾರ್ಮಿಕನು ಕಿವಿಗೆ ರುಮಾಲು ಸುತ್ತಿ, ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಾನೆ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಕೊಪ್ಪಳದಲ್ಲಿ ಸೂರ್ಯ ಮೂಡುವುದು ಆರೂಮುಕ್ಕಾಲರ ಸುಮಾರಿಗೆ. ಬೆಳಗಿನ ಪಾಳಿ ಶುರುವಾಗುವುದು ಆರಕ್ಕೆ. ಐದಕ್ಕೆ ಮನೆ ಬಿಟ್ಟವನು ಇಡೀ ದಾರಿಯನ್ನು ಕತ್ತಲೆಯಲ್ಲೇ ತುಳಿಯಬೇಕು. ಸೂರ್ಯನ ಗಡಿಯಾರಕ್ಕೂ ಮಾಲಕನ ಗಡಿಯಾರಕ್ಕೂ ನಡುವೆ ಇರುವ ಈ ಕತ್ತಲೆಗೆ ಹೊಣೆಗಾರರು ಯಾರು? ಈ ವಾರ ನಾವು ಕೇಳುವ ಪ್ರಶ್ನೆ ಇದೊಂದೇ.

ಕೊಪ್ಪಳದಿಂದ ಗಿಣಿಗೇರಿಯ ಕಡೆಗೆ ಹೋಗುವ ಹೆದ್ದಾರಿಯನ್ನು ನೋಡಿರಿ. ಹಿಂದೆ 63 ಎನ್ನುತ್ತಿದ್ದರು, ಈಗ 67 ಎನ್ನುತ್ತಾರೆ. ನಂಬರು ಬದಲಾಯಿತು, ಅಂಚು ಬದಲಾಗಲಿಲ್ಲ. ಚಳಿಗಾಲದ ಮೂಡಗಾಳಿ ನೇರವಾಗಿ ಎದೆಗೆ ಬಡಿಯುತ್ತದೆ. ಬಲಗಡೆ ಅದಿರಿನ ಲಾರಿ, ಎಡಗಡೆ ಜಾರುವ ಗರಸು. ಗಂಗಾವತಿಯ ಕಡೆ ಹೋದರೆ ಇನ್ನೊಂದು ಚಿತ್ರ. ತುಂಗಭದ್ರೆಯ ಎಡದಂಡೆ ಕಾಲುವೆಯ ಭತ್ತ ಕೊಯ್ಲಿಗೆ ಬರುವುದೂ, ಗಂಗಾವತಿ, ಶ್ರೀರಾಮನಗರ, ಕಾರಟಗಿಗಳ ಅಕ್ಕಿ ಗಿರಣಿಗಳು ಹಗಲಿರುಳು ಓಡುವುದೂ ಈ ದಿನಗಳಲ್ಲೇ. ರಸ್ತೆಯ ಅರ್ಧ ಭಾಗದಲ್ಲಿ ಭತ್ತ ಒಣಗುತ್ತದೆ. ಸಂಜೆ ಅದನ್ನು ರಾಶಿ ಮಾಡಿ, ತಾಡಪತ್ರಿ ಹೊದಿಸಿ, ಸುತ್ತ ಕಲ್ಲು ಇಟ್ಟು ಹೋಗುತ್ತಾರೆ. ಹಿಂದೀಪವಿಲ್ಲದ ಟ್ರ್ಯಾಕ್ಟರು ಟ್ರೇಲರು ಅದರ ಪಕ್ಕದಲ್ಲೇ ನಿಂತಿರುತ್ತದೆ. ಕಾಲುವೆಯ ಮಂಜಿಗೆ ಹುಲ್ಲು ಸುಟ್ಟ ಹೊಗೆ ಸೇರಿ ಹತ್ತು ಮಾರು ದೂರವೂ ಕಾಣುವುದಿಲ್ಲ. ಕುಷ್ಟಗಿಯಲ್ಲಿ 50ನೆಯ ನಂಬರಿನ ಹೆದ್ದಾರಿ ದೂರದೂರಿನ ಲಾರಿಗಳಿಗೆ ಹಾಸಿದ ರತ್ನಗಂಬಳಿ. ಆದರೆ ಹಳ್ಳಿಯಿಂದ ಪೇಟೆಗೆ ಸೈಕಲ್ ಮೇಲೆ ಹಾಲು, ಕಾಯಿಪಲ್ಲೆ ತರುವವನು ಅದೇ ರಸ್ತೆಯಲ್ಲಿ ಅಪರಾಧಿಯಂತೆ ಅಂಚು ಹಿಡಿದು ಬರಬೇಕು. ಯಲಬುರ್ಗಾ, ಕುಕನೂರಿನ ಎರೆಸೀಮೆಯಲ್ಲಿ ಲಾರಿ ಕಡಿಮೆಯಾದರೂ ತಗ್ಗುಗಳಿಗೆ ಬರವಿಲ್ಲ.

ಈಗ ಒಂದು ಲೆಕ್ಕ ಮಾಡಿ ನೋಡೋಣ. ಮನೆಯಿಂದ ಕಾರ್ಖಾನೆಗೆ 12 ಕಿಲೋಮೀಟರು. ಹೋಗಿ ಬರಲು 24. ತಿಂಗಳಿಗೆ 26 ಪಾಳಿ ಎಂದರೆ 624 ಕಿಲೋಮೀಟರು. ಚಳಿಯ ನಾಲ್ಕು ತಿಂಗಳಿಗೆ ಸುಮಾರು 2,500 ಕಿಲೋಮೀಟರು. ಕೊಪ್ಪಳದಿಂದ ಹೊರಟರೆ ದಿಲ್ಲಿಯನ್ನು ದಾಟಿ ಹೋಗಬಹುದು! ಗಂಟೆಗೆ 12 ಕಿಲೋಮೀಟರು ತುಳಿದರೂ ದಿನಕ್ಕೆ ಎರಡು ಗಂಟೆ, ತಿಂಗಳಿಗೆ 52 ಗಂಟೆ. ಎಂಟು ಗಂಟೆಯ ಪಾಳಿಯಲ್ಲಿ ಹೇಳುವುದಾದರೆ ಆರೂವರೆ ದಿನದ ದುಡಿಮೆ. ಇದಕ್ಕೆ ಕೂಲಿಯಿಲ್ಲ, ಹಾಜರಿಯಿಲ್ಲ, ನೆರಳಿಲ್ಲ. ಗಿರಣಿಯ ಚಕ್ರ ತಿರುಗುವ ಮೊದಲು ಸೈಕಲ್ಲಿನ ಚಕ್ರ ತಿರುಗಬೇಕು. ಮೊದಲನೆಯದಕ್ಕೆ ವಿಮೆ ಇದೆ. ಎರಡನೆಯದಕ್ಕೆ?

ಇದನ್ನು ಕೇಳಿದರೆ ಬರುವ ಮೊದಲನೆಯ ಉತ್ತರ ನಮಗೆ ಬಾಯಿಪಾಠವಾಗಿದೆ: “ಅವನ ಸೈಕಲ್ಲಿಗೆ ದೀಪವೇ ಇರಲಿಲ್ಲ.” ಸರಿ. ದೀಪ ಬೇಕು, ಹಿಂದಿನ ಮಡ್‌ಗಾರ್ಡಿಗೆ ಕೆಂಪು ಪ್ರತಿಫಲಕ ಬೇಕು, ನಾವೂ ಒಪ್ಪುತ್ತೇವೆ. ಸೈಕಲ್ಲಿನ ಪ್ರತಿಫಲಕಗಳಿಗೆ ಗುಣಮಟ್ಟ ಕಡ್ಡಾಯವೆಂದು ಕೇಂದ್ರ ಸರಕಾರವೇ 2020ರಲ್ಲಿ ಆದೇಶ ಹೊರಡಿಸಿದೆ. ಆದರೆ ನಮ್ಮ ಕಾರ್ಮಿಕನು ತುಳಿಯುವುದು ಹೊಸ ಸೈಕಲ್ಲನ್ನಲ್ಲ. ಎಷ್ಟೋ ಮನೆಗಳಲ್ಲಿ ಅದು ಮಗಳಿಗೆ ಎಂಟನೆಯ ಇಯತ್ತೆಯಲ್ಲಿ ಸರಕಾರ ಕೊಟ್ಟ ಸೈಕಲ್. 2006-07ರಲ್ಲಿ ಆರಂಭವಾದ ಆ ಯೋಜನೆ ಕೊರೋನಾ ಕಾಲದಲ್ಲಿ ನಿಂತುಹೋಯಿತು. ಆದರೆ ಆ ಸೈಕಲ್ಲುಗಳು ಮಗಳ ಮದುವೆಯಾದ ಮೇಲೂ ತಂದೆಯನ್ನು ಗಿರಣಿಗೆ ಹೊರುತ್ತಿವೆ. ಕಾರ್ಮಿಕನ ಸೈಕಲ್ಲಿನಲ್ಲಿ ದೀಪ ಹುಡುಕುವ ಕಣ್ಣುಗಳು ಟ್ರೇಲರಿನ ಹಿಂದೆ ದೀಪ ಹುಡುಕಿದವೇ? ಹೆದ್ದಾರಿಯ ಕಂಬದಲ್ಲಿ ದೀಪ ಹುಡುಕಿದವೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ನ್ಯಾಯ ಇದು.

ಎರಡನೆಯ ಉತ್ತರ: “ಸಾಲ ಮಾಡಿ ಮೋಟಾರು ಸೈಕಲ್ ಕೊಳ್ಳಲಿ.” ಹೀಗೆನ್ನುವವರು ಕಂತು ಕಟ್ಟುವವರಲ್ಲ. ಪಗಾರದ ಕಾಲು ಪಾಲನ್ನು ಕಂತಿಗೂ ಪೆಟ್ರೋಲಿಗೂ ಇಟ್ಟ ಮೇಲೆ ಜೋಳದ ಚೀಲಕ್ಕೆ ಎಲ್ಲಿಂದ ತರಬೇಕು? ಸರಕಾರ ಸೈಕಲ್ಲಿಗೆ ಕೊಟ್ಟ ಮರ್ಯಾದೆಯನ್ನೂ ನೋಡಿರಿ. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ಸೈಕಲ್ಲಿನ ಮೇಲೆ ಶೇಕಡಾ 12 ತೆರಿಗೆ ಬಿತ್ತು. 2019ರ ಆಗಸ್ಟಿನಲ್ಲಿ ವಿದ್ಯುತ್ ಕಾರುಗಳಿಗೆ ಅದನ್ನು ಶೇಕಡಾ 5ಕ್ಕೆ ಇಳಿಸಿದರು. ಹೊಗೆ ಬಿಡುವುದಿಲ್ಲ ಎಂಬ ಕಾರಣಕ್ಕೆ! ನೂರು ವರ್ಷಗಳಿಂದ ಹೊಗೆಯನ್ನೇ ಬಿಡದ ಸೈಕಲ್ಲು ಶೇಕಡಾ 5ಕ್ಕೆ ಇಳಿಯಬೇಕಾದರೆ 2025ರ ಸೆಪ್ಟೆಂಬರ್ 22ರ ವರೆಗೆ ಕಾಯಬೇಕಾಯಿತು. ಲಕ್ಷಗಟ್ಟಲೆಯ ಕಾರಿಗೆ ಐದು, ಕೂಲಿಕಾರನ ಸೈಕಲ್ಲಿಗೆ ಹನ್ನೆರಡು. ಆರು ವರ್ಷ ನಡೆದ ಈ ಗಣಿತವನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೋ ನಾವು ಕಾಣೆವು.

ಮೂರನೆಯ ಉತ್ತರವೇ ಎಲ್ಲಕ್ಕಿಂತ ಕ್ರೂರವಾದದ್ದು: “ಗೇಟಿನ ಹೊರಗೆ ಏನಾದರೂ ಆದರೆ ನಮಗೆ ಸಂಬಂಧವಿಲ್ಲ.” ಈ ಮಾತಿಗೆ ಬಹಳ ಕಾಲ ಕಾನೂನಿನ ಬೆಂಬಲವೂ ಇತ್ತು. ಕೇರಳದ ಕೊರಟ್ಟಿಯ ಕಾರ್ಖಾನೆಯೊಂದರ ಕಾರ್ಮಿಕನ ಮೊಕದ್ದಮೆಯನ್ನು ನಮ್ಮ ವಾಚಕರು ತಿಳಿದಿರಬೇಕು. 1971ರ ಜೂನ್ 26ರಂದು ಸಂಜೆ ನಾಲ್ಕೂವರೆಯ ಪಾಳಿಗೆ ಅವನು ಸೈಕಲ್ ತುಳಿದು ಹೊರಟಿದ್ದ. ನಾಲ್ಕೂಕಾಲಕ್ಕೆ, ಕಾರ್ಖಾನೆ ಇನ್ನು ಒಂದು ಕಿಲೋಮೀಟರು ಇರುವಾಗ, ಲಾರಿ ಬಡಿಯಿತು. ಲಾರಿ ಯಾರದು? ಅವನ ಮಾಲಕರದ್ದೇ! ಕಾರ್ಮಿಕ ವಿಮಾ ನ್ಯಾಯಾಲಯವೂ ಹೈಕೋರ್ಟೂ ಅವನ ಪರವಾಗಿ ಹೇಳಿದವು. ಆದರೆ ವಿಮಾ ನಿಗಮವು ಸುಪ್ರೀಂ ಕೋರ್ಟಿನ ವರೆಗೆ ಹೋಗಿ ಹೋರಾಡಿತು. 25 ವರ್ಷಗಳ ನಂತರ, 1996ರಲ್ಲಿ, ಇದು ಕೆಲಸದ ಗಾಯವಲ್ಲ ಎಂಬ ತೀರ್ಪು ಬಂದಿತು. ಕೆಲಸಕ್ಕಲ್ಲದೆ ಅವನು ಆ ಹೊತ್ತಿನಲ್ಲಿ ಆ ದಾರಿಯಲ್ಲಿ ಮತ್ತೆ ಯಾವುದಕ್ಕೆ ಹೋಗುತ್ತಿದ್ದ?

ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1964ರ ತನ್ನ ಒಡಂಬಡಿಕೆಯಲ್ಲೇ ದಾರಿಯ ಅಪಘಾತದ ಮಾತನ್ನು ಎತ್ತಿತ್ತು. ನಮ್ಮ ಪಾರ್ಲಿಮೆಂಟಿಗೆ ಎಚ್ಚರವಾದದ್ದು 2010ರಲ್ಲಿ. ಆ ವರ್ಷ ಇ.ಎಸ್.ಐ. ಕಾಯಿದೆಗೆ 51-ಇ ಎಂಬ ಕಲಮನ್ನು ಸೇರಿಸಿದರು. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವಾಗ ಆಗುವ ಅಪಘಾತಕ್ಕೂ ಕೆಲಸಕ್ಕೂ ಸಂಬಂಧ ಸ್ಥಾಪನೆಯಾದರೆ ಅದು ಕೆಲಸದ ಗಾಯವೇ ಎಂದಾಯಿತು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬ 2003ರ ಏಪ್ರಿಲಿನಲ್ಲಿ ಬೆಳಗಿನ ಜಾವ ಮೂರು ಗಂಟೆಯ ಪಾಳಿಗೆ ಹೋಗುವಾಗ, ಕಾರ್ಖಾನೆ ಐದು ಕಿಲೋಮೀಟರು ದೂರವಿರುವಾಗ, ದಾರಿಯಲ್ಲೇ ಸತ್ತ. ಅವನ ಹೆಂಡತಿ ಮಕ್ಕಳು 22 ವರ್ಷ ಕೋರ್ಟು ಅಲೆದರು. 2025ರ ಜುಲೈ 29ರಂದು ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟು, ಇ.ಎಸ್.ಐ. ಇಲ್ಲದ ಕಾರ್ಮಿಕನ ಪರಿಹಾರದ ಕಾಯಿದೆಗೂ ಇದೇ ಅರ್ಥ ಅನ್ವಯಿಸುತ್ತದೆ ಎಂದು ಹೇಳಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ದಾರಿಯ ಅಪಘಾತ ಸೇರಿದೆ. ಆ ಹೊಸ ಸಂಹಿತೆಗಳ ಬಗೆಗೆ ನಮ್ಮ ಜಗಳ ಬೇರೆ ಇದೆ. ಅದನ್ನು ಬೇರೆ ಕಡೆ ಆಡೋಣ. ಇಲ್ಲಿ ಹೇಳುವುದಿಷ್ಟೇ: “ಗೇಟಿನ ಹೊರಗೆ ಸಂಬಂಧವಿಲ್ಲ” ಎಂಬ ಮಾತು ಇಂದು ಸುಳ್ಳು. ಹಾಗೆಂದ ಮ್ಯಾನೇಜರನಿಗೆ ಅದನ್ನು ಬರೆದು ಸಹಿ ಮಾಡಿಕೊಡಲು ಕೇಳಿರಿ.

ಆದರೆ ಕಾನೂನು ಗೆದ್ದರೆ ಸಾಕೆ? ಅಕ್ಕಿ ಗಿರಣಿಯ ಹಮಾಲನಿಗೆ ಕೂಲಿ ಚೀಲದ ಲೆಕ್ಕದಲ್ಲಿ. ಅವನನ್ನು ಕರೆತರುವವನು ಗುತ್ತಿಗೆದಾರ. ಎಷ್ಟೋ ಕಡೆ ಹಾಜರಿ ಪುಸ್ತಕದಲ್ಲಿ ಅವನ ಹೆಸರೇ ಇರುವುದಿಲ್ಲ. ಹತ್ತು ಜನ ಅಥವಾ ಹೆಚ್ಚು ಜನ ದುಡಿಯುವ ಕಡೆ ಇ.ಎಸ್.ಐ. ಇರಬೇಕು, ಇಪ್ಪತ್ತು ಜನ ಚೀಲ ಹೊತ್ತರೂ ಪುಸ್ತಕದಲ್ಲಿ ಎಂಟೇ ಹೆಸರು ಇದ್ದರೆ ಆ ಕಾನೂನು ಗಿರಣಿಯ ಬಾಗಿಲಲ್ಲೇ ನಿಲ್ಲುತ್ತದೆ. ಹೆಸರಿಲ್ಲದವನು ದಾರಿಯಲ್ಲಿ ಬಿದ್ದರೆ ಅವನು ಯಾರ ಕಾರ್ಮಿಕ? ಯಾರ ಕಾರ್ಮಿಕನೂ ಅಲ್ಲ, ಬರಿಯ ದಾರಿಹೋಕ. ಆದುದರಿಂದ ಸೈಕಲ್ಲಿನ ದೀಪಕ್ಕಿಂತ ಮೊದಲು ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರು ಹೊಳೆಯಬೇಕು.

ಸಣ್ಣ ವ್ಯಾಪಾರಿ ಬಂಧುಗಳು ಇದು ಕಾರ್ಮಿಕರ ಗೋಳು, ನಮಗೇನು ಎನ್ನಬಾರದು. ಹಾಲಿನ ಕ್ಯಾನು, ಹೂವಿನ ಬುಟ್ಟಿ, ಪೇಪರಿನ ಕಟ್ಟು, ಬನ್ನು ಬ್ರೆಡ್ಡಿನ ಪೆಟ್ಟಿಗೆ ಹೊತ್ತ ಸೈಕಲ್ಲೂ ಅದೇ ಕತ್ತಲೆಯಲ್ಲಿ, ಅದೇ ಲಾರಿಯ ಪಕ್ಕದಲ್ಲಿ ಓಡುತ್ತದೆ. ನಿಮಗೆ ಮಾಲಕನೂ ಇಲ್ಲ, ಇ.ಎಸ್.ಐ.ಯೂ ಇಲ್ಲ. ಬಡಿದು ಓಡಿಹೋದ ಲಾರಿಯ ಪತ್ತೆಯಾಗದಿದ್ದರೂ 2022ರ ಕೇಂದ್ರ ಯೋಜನೆಯಂತೆ ಸತ್ತವನ ಮನೆಯವರಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿ ಸಿಗಬೇಕು. ಇದನ್ನು ಎಷ್ಟು ಜನ ಬಲ್ಲರು? ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗದಿದ್ದರೆ ಆ ಹಣವೂ ಇಲ್ಲ. ಕಾರ್ಮಿಕರೂ ಇದನ್ನು ನೆನಪಿಡಬೇಕು: ಅಪಘಾತವಾದ ಹೊತ್ತು, ಸ್ಥಳ, ಅಂದಿನ ಪಾಳಿ, ಕಂಡವರ ಹೆಸರು, ಇಷ್ಟನ್ನೂ ಅಂದೇ ಬರೆಸಿರಿ. ಸಾಹೇಬರು ನಾಳೆ ಬಾ ಎಂದರೆ ನಾಲ್ಕು ಜನ ಕೂಡಿ ಹೋಗಿರಿ.

ಇನ್ನು ಧೂಳಿನ ಮಾತು. ಚಳಿಯ ಬೆಳಗಿನಲ್ಲಿ ನೆಲದ ಹತ್ತಿರದ ಗಾಳಿ ತಂಪಾಗಿ, ಮೇಲಿನದು ಬೆಚ್ಚಗಿರುತ್ತದೆ. ಕಾರ್ಖಾನೆಯ ಹೊಗೆ ಮೇಲೇಳದೆ ನೆಲಕ್ಕೇ ಮಲಗುತ್ತದೆ. ಕಾರಿನವನು ಗಾಜು ಏರಿಸುತ್ತಾನೆ. ಏದುಸಿರು ಬಿಡುತ್ತ ಸೈಕಲ್ ತುಳಿಯುವವನ ಎದೆಗೆ ಹೆಚ್ಚು ಗಾಳಿ ಬೇಕು, ಅದರೊಡನೆ ಧೂಳೂ ಹೆಚ್ಚೇ ಹೋಗುತ್ತದೆ. 2025ರ ಫೆಬ್ರುವರಿಯಲ್ಲಿ ಕಾರ್ಖಾನೆಯ ವಿಸ್ತರಣೆಯ ವಿರುದ್ಧ ಕೊಪ್ಪಳವು ಅಂಗಡಿ ಮುಚ್ಚಿ ಬೀದಿಗಿಳಿದಾಗ ವ್ಯಾಪಾರಿಯೂ ಕಾರ್ಮಿಕನೂ ಒಂದೇ ಸಾಲಿನಲ್ಲಿ ನಡೆದರು. ಆ ಸಾಲು ದಾರಿಯ ಪ್ರಶ್ನೆಗೂ ಒಡೆಯಬಾರದು.

ಹಣವಿಲ್ಲ ಎನ್ನುತ್ತಾರೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇರುವುದು ಯಾತಕ್ಕೆ? ಜನವರಿಯಲ್ಲಿ ಗವಿಮಠದ ಜಾತ್ರೆಗೆ ಲಕ್ಷ ಲಕ್ಷ ಜನ ಬಂದಾಗ ಇದೇ ಆಡಳಿತ ದೀಪ, ನೀರು, ಬಸ್ಸು ಎಲ್ಲವನ್ನೂ ಹೊಂದಿಸುತ್ತದೆ. ಮನಸ್ಸಿದ್ದರೆ ಆಗುತ್ತದೆ ಎಂದಾಯಿತಲ್ಲ? ನಮ್ಮ ಚಳಿಯೇ ನಾಚುವಂಥ ಚಳಿಯ ಹಾಲೆಂಡಿನಲ್ಲಿ 1971ರಲ್ಲಿ ರಸ್ತೆಯ ಮೇಲೆ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ತಾಯಿತಂದೆಗಳು ಬೀದಿಗೆ ಬಂದು ಕುಳಿತರು. ಇಂದು ಆ ದೇಶದ ತುಂಬ ಸೈಕಲ್ಲಿಗೇ ಬೇರೆ ದಾರಿ ಇದೆ. ಅದು ಯಾವ ದೊರೆಯ ದಾನವೂ ಅಲ್ಲ, ಕೇಳಿ ಪಡೆದದ್ದು.

ನಮ್ಮ ಬೇಡಿಕೆಗಳು ಇವು. ಪ್ರತಿ ವರ್ಷ ದೀಪಾವಳಿಯ ಒಳಗೆ ಗಿರಣಿ, ಕಾರ್ಖಾನೆಗಳ ದಾರಿಯ ಅಂಚನ್ನು ಗಟ್ಟಿ ಮಾಡಿ ಬಿಳಿ ಗೆರೆ ಎಳೆಯಬೇಕು, ತಿರುವುಗಳಲ್ಲಿ ದೀಪ ಹಾಕಬೇಕು. ಹಿಂದೀಪವೂ ಪ್ರತಿಫಲಕವೂ ಇಲ್ಲದ ಟ್ರೇಲರನ್ನು ಗಿರಣಿಯ ಅಂಗಳಕ್ಕೆ ಬಿಡಬಾರದು. ಭತ್ತ ಒಣಗಿಸಲು ರೈತನಿಗೆ ಕಣ ಕಟ್ಟಿಸಿಕೊಡಬೇಕು. ರೈತನನ್ನು ಬೈದು ಪ್ರಯೋಜನವಿಲ್ಲ, ಜಾಗವಿದ್ದರೆ ಅವನು ರಸ್ತೆಗೆ ಬರುತ್ತಿರಲಿಲ್ಲ. ಪಾಳಿಯ ಹೊತ್ತಿಗೆ ಬಸ್ಸು ಬರಬೇಕು. ಮಾರ್ಗಶಿರ, ಪುಷ್ಯಗಳಲ್ಲಿ ಬೆಳಗಿನ ಪಾಳಿಯನ್ನು ಒಂದು ಗಂಟೆ ಮುಂದಕ್ಕೆ ಹಾಕಬೇಕು. ಸೈಕಲ್ಲಿನ ದೀಪ, ಪ್ರತಿಫಲಕಗಳನ್ನು ಮಾಲಕರೇ ಕೊಡಬೇಕು. ಗುತ್ತಿಗೆಯವನೂ ಸೇರಿ ದುಡಿಯುವ ಪ್ರತಿಯೊಬ್ಬನ ಹೆಸರು ಹಾಜರಿಯಲ್ಲಿ, ವಿಮೆಯಲ್ಲಿ ಏರಬೇಕು.

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ, ಹೆಣ ಬಿದ್ದ ಮೇಲೆ ದೀಪದ ಕಂಬ ನೆಡುವ ಆಡಳಿತ ನಮಗೆ ಬೇಡ. ಕಾರ್ಮಿಕ ಬಂಧುಗಳೇ, ವ್ಯಾಪಾರಿ ಬಂಧುಗಳೇ, ಈ ವಾರ ನಿಮ್ಮ ನಿಮ್ಮ ಗಿರಣಿಯಲ್ಲಿ, ಪೇಟೆಯಲ್ಲಿ ಬೆಳಗಿನ ಕತ್ತಲೆಯಲ್ಲಿ ಬರುವ ಸೈಕಲ್ಲುಗಳನ್ನು ಎಣಿಸಿರಿ. ಯಾವ ತಿರುವಿನಲ್ಲಿ ಅಂಚು ಕುಸಿದಿದೆ, ಯಾವ ಗಿರಣಿಯಲ್ಲಿ ಎಷ್ಟು ಹೆಸರು ಹಾಜರಿಗೆ ಸೇರಿಲ್ಲ, ಪಟ್ಟಿ ಮಾಡಿರಿ. ಆ ಪಟ್ಟಿಯನ್ನು ಹಿಡಿದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆಯ ಕಚೇರಿಗಳಿಗೆ ನಾವು ಹೋಗೋಣ. ಕಾರಿನಲ್ಲಲ್ಲ, ಸೈಕಲ್ ಮೇಲೆ.