ಮೂರನೆಯ ತಲೆಮಾರಿನ ರೊಟ್ಟಿ

ಪೂರ್ವದ ದೇಶಗಳಿಗೆ ವಲಸೆ ಹೋದ ಜರ್ಮನ್ ರೈತರಲ್ಲಿ ಹಿಂದೆ ಒಂದು ನಾಣ್ಣುಡಿ ಬಳಕೆಯಲ್ಲಿತ್ತು. ಮೊದಲ ತಲೆಮಾರಿಗೆ ಸಾವು, ಎರಡನೆಯದಕ್ಕೆ ಕೊರತೆ, ಮೂರನೆಯದಕ್ಕೆ ರೊಟ್ಟಿ. ಬೀಳುನೆಲ ಒಡೆದು ಊರು ಕಟ್ಟಿದವರ ಚರಿತ್ರೆಯೆಲ್ಲ ಈ ಮೂರು ಮಾತಿನಲ್ಲಿ ಅಡಗಿದೆ. ಆದರೆ ಮೂರನೆಯ ತಲೆಮಾರು ರೊಟ್ಟಿ ತಿಂದು ಕೈತೊಳೆದ ಮೇಲೆ ಏನು ಮಾಡಿತು ಎಂಬುದನ್ನು ನಾಣ್ಣುಡಿ ಹೇಳುವುದಿಲ್ಲ. ಈ ವಾರ ಅದನ್ನೇ ಸ್ವಲ್ಪ ನೋಡೋಣ. ಬಂಕಾಪುರ ಸೀಮೆಯವರಿಗೆ ಇದು ಅಷ್ಟೇನೂ ದೂರದ ಸಂಗತಿಯಲ್ಲ.

1763ರಲ್ಲಿ ರಶಿಯದ ರಾಣಿ ಎರಡನೆಯ ಕ್ಯಾಥರೀನ್ ಒಂದು ಘೋಷಣೆ ಹೊರಡಿಸಿದಳು. ವೋಲ್ಗಾ ನದಿಯ ಬಯಲು ಪಾಳುಬಿದ್ದಿದೆ, ಬಂದು ಸಾಗುವಳಿ ಮಾಡಿರಿ, ಭೂಮಿ ಪುಕ್ಕಟೆ, ಮೂವತ್ತು ವರ್ಷದವರೆಗೆ ತೆರಿಗೆ ಇಲ್ಲ, ಸೈನ್ಯಕ್ಕೆ ಸೇರುವ ಒತ್ತಾಯವಿಲ್ಲ, ನಿಮ್ಮ ದೇವರು ನಿಮಗೆ ಎಂದು ಪರದೇಶದವರಿಗೆ ಆಹ್ವಾನ ಕೊಟ್ಟಳು. ಆಕೆಯೂ ಹುಟ್ಟಿನಿಂದ ಜರ್ಮನ್ ಹೆಣ್ಣುಮಗಳೇ. ಏಳು ವರ್ಷಗಳ ಯುದ್ಧ ಆಗಷ್ಟೇ ಮುಗಿದಿತ್ತು. ಜರ್ಮನಿಯ ಹಳ್ಳಿಗಳಲ್ಲಿ ಸಾಲ, ಹಸಿವು, ದಂಡಿನ ಕಾಟ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಸುಮಾರು ಮೂವತ್ತು ಸಾವಿರ ಜನ ಹೊರಟರು. ಹೋಗಿ ನೋಡಿದರೆ ಹೇಳಿದ್ದ ಮನೆಯೂ ಇಲ್ಲ, ಕಟ್ಟಿಗೆಯೂ ಇಲ್ಲ. ಕಣ್ಣು ಹಾಯುವವರೆಗೂ ಬರೀ ಹುಲ್ಲು. ಮೊದಲ ಚಳಿಗಾಲವನ್ನು ನೆಲದಲ್ಲಿ ತೋಡಿದ ಗುಣಿಗಳಲ್ಲಿ ಕಳೆದರು. ನಾಣ್ಣುಡಿಯ ಮೊದಲ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ನೂರು ವರ್ಷ ದಾಟುವಷ್ಟರಲ್ಲಿ ಅದೇ ಬಯಲಿನಲ್ಲಿ ನೂರಕ್ಕೂ ಹೆಚ್ಚು ಜರ್ಮನ್ ಹಳ್ಳಿಗಳು ಎದ್ದು ನಿಂತಿದ್ದವು. ಗೋಧಿ ಬೆಳೆಯಿತು, ಇಗರ್ಜಿ ಎದ್ದಿತು, ರೊಟ್ಟಿ ಸಿಕ್ಕಿತು. ಅಷ್ಟರಲ್ಲಿ ಕೊಟ್ಟ ಮಾತನ್ನು ಸರಕಾರ ಹಿಂದಕ್ಕೆ ತೆಗೆದುಕೊಂಡಿತು. 1874ರಿಂದ ಅವರ ಮಕ್ಕಳೂ ರಶಿಯದ ಸೈನ್ಯಕ್ಕೆ ಸೇರಬೇಕಾಯಿತು. ಆಗ ಮತ್ತೆ ಗಂಟುಮೂಟೆ. ಅಮೆರಿಕದಲ್ಲಿ 1862ರ ಕಾಯ್ದೆಯ ಪ್ರಕಾರ, ಐದು ವರ್ಷ ನೆಲೆನಿಂತು ಉಳುಮೆ ಮಾಡುವವನಿಗೆ 160 ಎಕರೆ ಸಿಗುತ್ತಿತ್ತು. ಸಾವಿರಾರು ಕುಟುಂಬಗಳು ಕಾನ್ಸಾಸ್, ನೆಬ್ರಾಸ್ಕಾ, ಡಕೋಟ ಬಯಲುಗಳಿಗೆ ಬಂದವು. 1876ರಲ್ಲಿ ಕಾನ್ಸಾಸಿನ ಎಲಿಸ್ ಕೌಂಟಿಯಲ್ಲಿ ವೋಲ್ಗಾದ ಜರ್ಮನರು ಕಟ್ಟಿಕೊಂಡ ಊರುಗಳಲ್ಲಿ ಒಂದರ ಹೆಸರು ಕ್ಯಾಥರೀನ್. ಇದು ರಶಿಯದಲ್ಲಿ ಬಿಟ್ಟುಬಂದ ಊರಿನ ಹೆಸರು, ಆ ಊರಿಗೆ ಹೆಸರು ಬಂದದ್ದು ರಾಣಿಯಿಂದ.

ಅಲ್ಲಿ ಒಬ್ಬ ರೈತನ ಬಾಳು ಹೇಗಿತ್ತು? ಮರವೇ ಇಲ್ಲದ ಸೀಮೆ. ಹುಲ್ಲಿನ ಬೇರು ಹೆಣೆದುಕೊಂಡಿದ್ದ ಮಣ್ಣನ್ನು ನೇಗಿಲಿನಿಂದ ಹೆಂಟೆ ಹೆಂಟೆಯಾಗಿ ಎಬ್ಬಿಸಿ ಇಟ್ಟಂಗಿಯ ಹಾಗೆ ಜೋಡಿಸಿ ಗೋಡೆ ಮಾಡಿದರು. ಮಳೆಗೆ ಮಾಳಿಗೆ ಸೋರುತ್ತಿತ್ತು, ಗೋಡೆಯಿಂದ ಹಾವು ಇಣುಕುತ್ತಿತ್ತು. ಕಟ್ಟಿಗೆ ಇಲ್ಲದ್ದರಿಂದ ಸಗಣಿಗೆ ಹೊಟ್ಟು ಬೆರೆಸಿ, ತುಳಿದು, ಕೊಯ್ದು, ಒಣಗಿಸಿ ಒಲೆಗೆ ಹಾಕುತ್ತಿದ್ದರು. ನಮ್ಮ ಕುಳ್ಳು ಅಲ್ಲದೆ ಬೇರೆ ಅಲ್ಲ. ನೆರೆಯ ಇಂಗ್ಲಿಷ್ ಮಾತಿನವರು ಇದನ್ನು ಕಂಡು ಮೂಗು ಮುಚ್ಚಿಕೊಂಡರೂ ಚಳಿಗಾಲದಲ್ಲಿ ಜರ್ಮನರ ಮನೆ ಬೆಚ್ಚಗಿರುತ್ತಿತ್ತು. ಕುಳ್ಳು ತಟ್ಟುವುದನ್ನು ನಾಚಿಕೆಯ ಕೆಲಸವೆಂದು ತಿಳಿದ ನಮ್ಮ ಹುಡುಗರು ಇದನ್ನು ಗಮನಿಸಬೇಕು. ಬೇಲಿಗೂಟಕ್ಕೂ ಮರ ಸಿಗದೆ ಅಲ್ಲಿಯ ಸುಣ್ಣಕಲ್ಲನ್ನೇ ಗೂಟವಾಗಿ ಸೀಳಿದರು. ಆ ಕಲ್ಲುಗೂಟಗಳು ಮೈಲಿಗಟ್ಟಲೆ ಇವತ್ತಿಗೂ ನಿಂತಿವೆ.

ಬೀಜದ ಕತೆ ಇನ್ನೂ ದೊಡ್ಡದು. ರಶಿಯದ ದಕ್ಷಿಣದಿಂದ 1874ರಲ್ಲಿ ಕಾನ್ಸಾಸಿಗೆ ಬಂದ ಮೆನ್ನೊನೈಟ್ ಪಂಥದ ಜರ್ಮನ್ ರೈತರು ತಮ್ಮೊಂದಿಗೆ 'ಟರ್ಕಿ ರೆಡ್' ಎಂಬ ಕೆಂಪು ಗೋಧಿ ತಂದರು. ಹೊರಡುವ ಮುಂಚೆ ಮಕ್ಕಳನ್ನು ಕೂಡಿಸಿ, ಒಳ್ಳೆಯ ಕಾಳನ್ನು ಒಂದೊಂದೇ ಆರಿಸಿಸಿದರು ಎಂದು ಅಲ್ಲಿ ಈಗಲೂ ಕತೆ ಹೇಳುತ್ತಾರೆ. ಕತೆ ನಿಜವೋ ಬೆಳೆದದ್ದೋ, ಗೋಧಿಯ ಗುಣ ಮಾತ್ರ ನಿಜ. ಅದನ್ನು ಬೇಸಿಗೆ ಮುಗಿದ ಮೇಲೆ ಬಿತ್ತುತ್ತಾರೆ. ಮೊಳೆತು ಹಿಮದ ಕೆಳಗೆ ಮಲಗುತ್ತದೆ. ವಸಂತದಲ್ಲಿ ಎದ್ದು, ಬಿರುಬೇಸಿಗೆ ಹತ್ತುವ ಮೊದಲೇ ತೆನೆ ಕಟ್ಟಿ ಕೊಯ್ಲಿಗೆ ಬರುತ್ತದೆ. ಬರಕ್ಕೂ ಮಿಡತೆಗೂ ಸಿಗದೆ ಪಾರಾಗುತ್ತದೆ. ನಮ್ಮ ಎರೆಹೊಲದ ರೈತ ಮಳೆ ಹಿಂದಾದ ಮೇಲೆ ಬಿಳಿಜೋಳ ಬಿತ್ತಿ, ನೆಲದೊಳಗಿನ ಹಸಿಯ ಮೇಲೆಯೇ ಬೆಳೆ ತೆಗೆಯುವುದಿಲ್ಲವೆ? ಹಾಗೆಯೇ ಇದೂ ಕಾಲವನ್ನು ಅರಿತು ಮಾಡುವ ಒಕ್ಕಲುತನ. ಕಾನ್ಸಾಸ್ ಮುಂದೆ ಗೋಧಿಯ ಕಣಜವಾದದ್ದರ ಹಿಂದೆ ಈ ಬೀಜವಿದೆ.

ಈ ಊರುಗಳಲ್ಲಿ ಮಕ್ಕಳ ಪಾಡು ಏನು? ದನ ಕಾಯುವುದು, ಕಳೆ ಕೀಳುವುದು, ಹೊಲದ ಕೆಲಸ ಇಲ್ಲದ ಚಳಿಗಾಲದಲ್ಲಿ ಮಾತ್ರ ಶಾಲೆ. ಅಪ್ಪನ ಕನಸು ಒಂದೇ, ಪ್ರತಿಯೊಬ್ಬ ಮಗನಿಗೂ ಒಂದು ಹೊಲ. ವಿಕ್ಟೋರಿಯಾ ಎಂಬ ಊರಲ್ಲಿ 1908ರಿಂದ 1911ರವರೆಗೆ ದೊಡ್ಡ ಇಗರ್ಜಿ ಕಟ್ಟಿದಾಗ, ಹನ್ನೆರಡು ವರ್ಷ ದಾಟಿದ ಒಬ್ಬೊಬ್ಬರೂ ಆರು ಗಾಡಿ ಕಲ್ಲು ಹೊತ್ತು ತರಬೇಕೆಂದು ಲೆಕ್ಕ ಹಾಕಿದ್ದರು. ಹನ್ನೆರಡು ವರ್ಷವೆಂದರೆ ನಮ್ಮಲ್ಲಿ ಏಳನೆಯ ಇಯತ್ತೆ.

ಮೂರನೆಯ ತಲೆಮಾರು ತಲೆ ಎತ್ತುವಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಜರ್ಮನ್ ಮಾತಾಡುವವನೆಂದರೆ ಶತ್ರುವಿನ ಗೂಢಚಾರ ಎನ್ನುವಂತಾಯಿತು. 1918ರಲ್ಲಿ ಅಯೋವಾ ರಾಜ್ಯದ ಗವರ್ನರು ಶಾಲೆ, ಇಗರ್ಜಿ, ಟೆಲಿಫೋನಿನಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೂಡದೆಂದು ಅಪ್ಪಣೆ ಮಾಡಿದ. ರೊಟ್ಟಿ ಉಳಿಯಿತು, ಮಾತು ಹೋಯಿತು. ರಶಿಯದಲ್ಲೇ ಉಳಿದ ಅಣ್ಣತಮ್ಮಂದಿರ ಗತಿ ಇದಕ್ಕಿಂತ ಕಡೆ. 1941ರ ಆಗಸ್ಟ್ 28ರ ಆಜ್ಞೆಯಂತೆ ವೋಲ್ಗಾದ ಜರ್ಮನರನ್ನು ಇಡಿಯಾಗಿ ರೈಲಿಗೆ ತುಂಬಿ ಸೈಬೀರಿಯ, ಕಜಾಕಸ್ತಾನಗಳಿಗೆ ಅಟ್ಟಿದರು. ಇಲ್ಲಿ ಇನ್ನೊಂದನ್ನೂ ಹೇಳಬೇಕು. ಕಾನ್ಸಾಸಿನ 160 ಎಕರೆ ಪುಕ್ಕಟೆಯೆಂದರೂ ಬರಿದಾದ ನೆಲವೇನಲ್ಲ. ಶಯೆನ್, ಅರಾಪಾಹೊ, ಕಾ ಮುಂತಾದ ಮೂಲನಿವಾಸಿಗಳನ್ನು ಹೊರದೂಡಿ ತೆರವು ಮಾಡಿದ ನೆಲ ಅದು. ಪಠ್ಯಪುಸ್ತಕಗಳಲ್ಲಿ ಮೊದಲ ಬಿತ್ತಿಗೆಯ ಚಿತ್ರ ಇರುತ್ತದೆ, ಅದಕ್ಕೂ ಮೊದಲಿನ ಚಿತ್ರ ಇರುವುದಿಲ್ಲ.

ನಮ್ಮ ಕಡೆಗೂ ಜರ್ಮನ್ ಮಾತಿನವರು ಬಂದಿದ್ದರು. 1837ರಲ್ಲಿ ಧಾರವಾಡದಲ್ಲಿ ಬಾಸೆಲ್ ಮಿಷನ್ ಕಾಲೂರಿತು. ಗದಗದ ಹತ್ತಿರದ ಮಲಸಮುದ್ರದಲ್ಲಿ ಒಕ್ಕಲುತನದ ಒಂದು ನೆಲೆ ಮಾಡಲು 1841ರಲ್ಲಿ ಹವಣಿಸಿದ್ದೂ ಉಂಟು, ಅದು ಬೇರುಬಿಡಲಿಲ್ಲ. ನಮಗೆ ಅವರಿಂದ ದಕ್ಕಿದ್ದು ಶಾಲೆ, ಅಚ್ಚುಮೊಳೆ, ಹಂಚು, ಮತ್ತು 1894ರಲ್ಲಿ ಅಚ್ಚಾದ ಕಿಟೆಲ್ಲರ ನಿಘಂಟು. ನೇಗಿಲು ಹಿಡಿದು ಹೊಸ ಊರು ಕಟ್ಟಿದ ವಲಸಿಗರನ್ನು ನೋಡಬೇಕೆಂದರೆ ಬಂಕಾಪುರದವರು ಗದಗಕ್ಕೂ ಹೋಗಬೇಕಿಲ್ಲ, ಕಾನ್ಸಾಸಿಗೂ ಹೋಗಬೇಕಿಲ್ಲ. ಪುಣೆ–ಬೆಂಗಳೂರು ಹೆದ್ದಾರಿ ಬಿಟ್ಟು ಪಡುವಣಕ್ಕೆ ಹೊರಳಿದರೆ ಸಾಕು. ಎರೆನೆಲ ಮುಗಿದು ಗದ್ದೆ ಶುರುವಾಗಿ, ಗದ್ದೆ ಮುಗಿದು ಕಾಡು ಶುರುವಾಗುವಲ್ಲಿ ಮುಂಡಗೋಡ. ಅಲ್ಲಿದೆ ಟಿಬೆಟನ್ ಕಾಲೊನಿ.

ರಜೆ ಬಂದರೆ ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋಗಿ ಚಿನ್ನದ ಬಣ್ಣದ ಬುದ್ಧನನ್ನು ತೋರಿಸಿ, ಕೆಂಪು ನಿಲುವಂಗಿಯ ಭಿಕ್ಷುಗಳ ಜೊತೆ ಫೋಟೋ ತೆಗೆಸಿ ಕರೆತರುವುದು ರೂಢಿ. ಆದರೆ ಕಾಲೊನಿ ಶುರುವಾದದ್ದು ಬುದ್ಧನ ಗುಡಿಯಿಂದಲ್ಲ, ಕೊಡಲಿಯಿಂದ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಬೆನ್ನಿಗೆ ಸುಮಾರು ಎಂಬತ್ತು ಸಾವಿರ ಟಿಬೆಟನ್ನರು ಹಿಮಾಲಯ ದಾಟಿದರು. ಅಸ್ಸಾಮಿನ ಶಿಬಿರಗಳಲ್ಲಿ ಸೆಖೆ, ಕಾಯಿಲೆ. ಅಲ್ಲಿಂದ ಸಾವಿರಾರು ಜನ ಗುಡ್ಡಗಾಡಿನ ರಸ್ತೆಕೆಲಸಕ್ಕೆ ಹೋದರು. ಗುಡ್ಡ ಕುಸಿದು, ಕ್ಷಯ ತಗುಲಿ ಬಹಳ ಮಂದಿ ಸತ್ತರು. ಅವರಿಗೆ ನೆಲ ಕೊಡುವಂತೆ ನೆಹರೂ ರಾಜ್ಯಗಳನ್ನು ಕೇಳಿದಾಗ ಮೊದಲು ಮುಂದೆ ಬಂದ ರಾಜ್ಯಗಳಲ್ಲಿ ಮೈಸೂರು ಒಂದು. 1960ರಲ್ಲಿ ಬೈಲಕುಪ್ಪೆಯಲ್ಲಿ ಮೂರು ಸಾವಿರ ಎಕರೆ ಕೊಟ್ಟಿತು. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ 1966ರಲ್ಲಿ ಮುಂಡಗೋಡದ ನಾಲ್ಕು ಸಾವಿರ ಎಕರೆ ಕಾಡು ಬಂತು. ಮುಂದೆ ಬೈಲಕುಪ್ಪೆಯ ಎರಡನೆಯ ಕಾಲೊನಿ, ಹುಣಸೂರು, ಕೊಳ್ಳೇಗಾಲ.

ಬಂದವರು ಯಾರು? ಹನ್ನೆರಡು ಸಾವಿರ ಅಡಿ ಎತ್ತರದಲ್ಲಿ ಜವೆಗೋಧಿ ಬೆಳೆದವರು, ಚಮರೀಮೃಗ ಮೇಯಿಸಿದವರು. ಕೆಸರುಗದ್ದೆ ಕಂಡವರಲ್ಲ. ಮಳೆ ನಾಲ್ಕು ತಿಂಗಳು ಬಿಡದೆ ಸುರಿಯಬಲ್ಲದೆಂದು ತಿಳಿದವರಲ್ಲ. ಮರ ಕಡಿದು, ಬೊಡ್ಡೆ ಕಿತ್ತು, ಬೆಂಕಿ ಹಚ್ಚಿ, ಬೂದಿಯ ಮೇಲೆ ಗೋವಿನಜೋಳ ಬಿತ್ತಿದರು. ಭತ್ತದ ನಾಟಿಯನ್ನು ಸುತ್ತಲಿನ ಹಳ್ಳಿಯ ಕೂಲಿಯವರನ್ನು ನೋಡಿ ಕಲಿತರು. ಒಬ್ಬೊಬ್ಬರಿಂದ ಆಗದ್ದನ್ನು ಸಹಕಾರಿ ಸಂಘದಿಂದ ಮಾಡಿದರು. ಟ್ರ್ಯಾಕ್ಟರು, ಬೀಜ, ಗೊಬ್ಬರ ಅದರ ಮೂಲಕವೇ. ಬಂಗಾಳದ ಬಕ್ಸಾ ಶಿಬಿರದಲ್ಲಿದ್ದ ಗಾಂದೆನ್, ದ್ರೆಪುಂಗ್ ಮಠಗಳ ಭಿಕ್ಷುಗಳೂ ಇಲ್ಲಿಗೆ ಬಂದು ಸೇರಿದರು. ಮಣ್ಣು ಅಗೆದರೆ ಹುಳ ಸಾಯುತ್ತವೆಂದು ಅಗೆಯುವುದನ್ನೇ ನಿಷೇಧಿಸಿದ ವಿನಯ ಅವರದು. ಮೊದಲ ವರ್ಷಗಳಲ್ಲಿ ಅವರೂ ಗುದ್ದಲಿ ಹಿಡಿದರು. ಓದು ಉಳಿಯಬೇಕಾದರೆ ಊಟ ಬೇಕು. ಧರ್ಮಸಂಕಟ ಎಂಬ ಮಾತಿಗೆ ಅರ್ಥ ಕೇಳುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಹೊರಗಿನಿಂದ ಬಂದವರಿಗೆ ನಾಲ್ಕು ಸಾವಿರ ಎಕರೆ, ನಮ್ಮ ಭೂಹೀನರಿಗೆ ಏನು ಎಂದು ಯಾರಾದರೂ ಕೇಳಿದರೆ ಅದು ತಳ್ಳಿಹಾಕುವ ಪ್ರಶ್ನೆಯಲ್ಲ. ಆದರೆ ಆ ನೆಲ ಅವರ ಸ್ವಂತದ್ದಲ್ಲ, ಸರಕಾರದ ಗುತ್ತಿಗೆಯದು. ಮಾರುವಂತಿಲ್ಲ. ಕಾನ್ಸಾಸಿನ ಜರ್ಮನನಿಗೆ ಐದು ವರ್ಷಕ್ಕೆ ಸಿಕ್ಕ ಹಕ್ಕುಪತ್ರ ಮುಂಡಗೋಡದ ಟಿಬೆಟನ್ನನಿಗೆ ಅರ್ಧ ಶತಮಾನ ಕಳೆದರೂ ಸಿಕ್ಕಿಲ್ಲ. ಕೇಂದ್ರ ಸರಕಾರದ 2014ರ ಪುನರ್ವಸತಿ ನೀತಿಯೂ ಗುತ್ತಿಗೆಯ ಮಾತನ್ನೇ ಆಡುತ್ತದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತದ ನಾಗರಿಕರೆಂಬುದನ್ನು 2013ರಲ್ಲಿ ನಮ್ಮ ಹೈಕೋರ್ಟು ಒಪ್ಪಿತು. ಆದರೂ ಅರ್ಜಿ ಹಾಕದೆ ಉಳಿದವರು ಬಹಳ. ಹಿಂದಿರುಗಿ ಹೋಗುವ ಆಸೆಯನ್ನು ಒಂದು ಫಾರ್ಮಿನ ಮೇಲೆ ಸಹಿ ಹಾಕಿ ಬಿಟ್ಟುಕೊಡುವುದು ಸುಲಭವಲ್ಲ.

ಇನ್ನು ಮಕ್ಕಳು. ಜರ್ಮನ್ ಅಪ್ಪ ಪ್ರತಿ ಮಗನಿಗೆ ಹೊಲ ಕೊಡಬೇಕೆಂದ. ಟಿಬೆಟನ್ ಅಪ್ಪನಿಗೆ ಕೊಡಲು ಸ್ವಂತ ಹೊಲವಿರಲಿಲ್ಲ, ಹೀಗಾಗಿ ಶಾಲೆ ಕೊಟ್ಟ. ಟಿಬೆಟನ್ ಮಕ್ಕಳಿಗೆ ಬೇರೆ ಶಾಲೆಗಳಿರಬೇಕೆಂದು ದಲೈ ಲಾಮಾ ನೆಹರೂ ಅವರಲ್ಲಿ ಕೇಳಿಕೊಂಡು, 1961ರಲ್ಲಿ ಅದಕ್ಕಾಗಿಯೇ ಒಂದು ಸಂಸ್ಥೆ ಹುಟ್ಟಿತು. ಮುಂಡಗೋಡದಲ್ಲೂ ಶಾಲೆ ಬಂತು. ಮಕ್ಕಳು ತರಗತಿಯಲ್ಲಿ ಟಿಬೆಟನ್, ಇಂಗ್ಲಿಷ್, ಹಿಂದಿ ಕಲಿತರು, ಸಂತೆಯಲ್ಲಿ ಕನ್ನಡ ಕಲಿತರು. ಅಪ್ಪ ಅಮ್ಮ ಸುಗ್ಗಿ ಮುಗಿಸಿ, ಚಳಿಗಾಲದಲ್ಲಿ ದೂರದ ಪೇಟೆಗಳ ಬೀದಿಬದಿಯಲ್ಲಿ ಕುಳಿತು ಸ್ವೆಟರು ಮಾರಿ ಫೀ ಕಟ್ಟಿದರು. ಆ ಸ್ವೆಟರುಗಳು ಬಹುಪಾಲು ಲೂಧಿಯಾನದ ಗಿರಣಿಯವು, ಟಿಬೆಟಿನವಲ್ಲ ಎಂಬುದು ಕೊಳ್ಳುವವರಲ್ಲಿ ಎಷ್ಟೋ ಜನಕ್ಕೆ ತಿಳಿಯದು. ಓದಿದ ಮಕ್ಕಳು ನರ್ಸ್ ಆದರು, ಕಂಪ್ಯೂಟರ್ ಕಲಿತರು, ಬೆಂಗಳೂರಿಗೆ ಹೋದರು, ಅಲ್ಲಿಂದ ಸಮುದ್ರ ದಾಟಿದರು. ಕಾಡು ಕಡಿದ ಅಜ್ಜನ ಹೊಲಕ್ಕೆ ಈಗ ಇಳಿಯುವವರು ಕಡಿಮೆ. ಎಷ್ಟೋ ಹೊಲಗಳನ್ನು ಸುತ್ತಲಿನ ಹಳ್ಳಿಗಳ ರೈತರು ಲಾವಣಿ ಹಿಡಿದು ಉಳುತ್ತಾರೆ. ಕಾಲೊನಿಯಲ್ಲಿ ವೃದ್ಧಾಶ್ರಮವಿದೆ.

ಇದನ್ನು ಓದುವ ತಂದೆತಾಯಿಯರು ಮುಗುಳ್ನಗುತ್ತಿರಬಹುದು. 'ನೀನಾದರೂ ಓದಿ ಈ ಮಣ್ಣಿನಿಂದ ಪಾರಾಗು' ಎಂದು ಮಗನಿಗೆ ಹೇಳದ ರೈತನ ಮನೆ ಶಿಗ್ಗಾಂವಿ, ಸವಣೂರು, ಹಾನಗಲ್ಲಿನಲ್ಲಿ ಎಷ್ಟಿವೆ? ಹಾಗೆ ಹೇಳುವಾಗ ಮಗ ನಿಜಕ್ಕೂ ಪಾರಾಗಿಬಿಟ್ಟರೆ ಎತ್ತಿನ ಹಗ್ಗ ಯಾರ ಕೈಗೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಬಂಕಾಪುರದ ಕೋಟೆಯೊಳಗೆ ಖಿಲಾರಿ ತಳಿಯನ್ನು ಉಳಿಸಲೆಂದು ಸರಕಾರದ ಕೇಂದ್ರವಿದೆ. ಎತ್ತಿನ ತಳಿಗೆ ಕೇಂದ್ರ ಮಾಡಬಹುದು, ಎತ್ತು ಹೂಡುವವನ ತಳಿಗೆ ಮಾಡಲಾಗದು. ಮಗ ಹೋಗಲೇಬಾರದೆಂದು ನಾನು ಹೇಳುತ್ತಿಲ್ಲ. ಹೊಲ ಬಿಡುವ ಮುಂಚೆ ಅದನ್ನು ಯಾರು, ಯಾವ ವರ್ಷ, ಹೇಗೆ ಹಸನು ಮಾಡಿದರೆಂದು ಅಜ್ಜನ ಬಾಯಿಂದ ಒಮ್ಮೆ ಕೇಳಿ ಬರೆದಿಟ್ಟುಕೊಂಡರೆ ನಷ್ಟವಿಲ್ಲ. ಕಾನ್ಸಾಸಿನ ಜರ್ಮನರ ಮೊಮ್ಮಕ್ಕಳು ಈಗ ಹಡಗಿನ ಹಳೆಯ ಪಟ್ಟಿಗಳಲ್ಲಿ ಅಜ್ಜನ ಹೆಸರು ಹುಡುಕುತ್ತಿದ್ದಾರೆ. ಕೇಳಬೇಕಾದಾಗ ಕೇಳಿರಲಿಲ್ಲ.

ಮುಂಡಗೋಡ, ಬೈಲಕುಪ್ಪೆಗಳ ಮಕ್ಕಳು ಎಲ್ಲಿಗೆ ಹೋದರು ಎಂದಿರಾ? 1990ರ ಅಮೆರಿಕದ ವಲಸೆ ಕಾಯ್ದೆ ಭಾರತ, ನೇಪಾಳಗಳಲ್ಲಿದ್ದ ಒಂದು ಸಾವಿರ ಟಿಬೆಟನ್ನರಿಗೆ ವೀಸಾ ಕೊಟ್ಟಿತು. ಅವರ ಬೆನ್ನಿಗೆ ಸಂಸಾರಗಳು ಹೋದವು, ನಂಟರು ಹೋದರು. ನ್ಯೂಯಾರ್ಕ್ ಬಿಟ್ಟರೆ ಅವರು ಹೆಚ್ಚಾಗಿ ಸೇರಿದ್ದು ಮಿನೆಸೋಟ ರಾಜ್ಯದಲ್ಲಿ. ನೂರೈವತ್ತು ವರ್ಷದ ಹಿಂದೆ ಜರ್ಮನ್ ರೈತರು ಗುಂಪುಗುಂಪಾಗಿ ಬಂದು ಹುಲ್ಲುಗಾವಲು ಒಡೆದ ಸೀಮೆ ಅದು. ಇವತ್ತಿಗೂ ಅಲ್ಲಿ ತಮ್ಮ ಮೂಲ ಜರ್ಮನಿ ಎಂದು ಬರೆಸುವವರೇ ಎಲ್ಲರಿಗಿಂತ ಹೆಚ್ಚು. ಅಲ್ಲಿಯ ಆಸ್ಪತ್ರೆಗಳಲ್ಲಿ, ವೃದ್ಧಾಶ್ರಮಗಳಲ್ಲಿ ಬಹಳಷ್ಟು ಟಿಬೆಟನ್ನರು ಕೆಲಸಕ್ಕಿದ್ದಾರೆ. ಮುಂಡಗೋಡದಲ್ಲಿ ಗೋವಿನಜೋಳ ಬಿತ್ತಿದವನ ಮೊಮ್ಮಗಳು ಗೋಧಿ ಬಿತ್ತಿದವನ ಮೊಮ್ಮಗನಿಗೆ ಔಷಧಿ ಕುಡಿಸುತ್ತಿರಬಹುದು. ಅವಳ ಅಜ್ಜನ ಹೊಲದಲ್ಲಿ ಈ ಮಳೆಗಾಲಕ್ಕೆ ಲಾವಣಿಯವರ ಭತ್ತ ಇರುತ್ತದೆ, ತೆನೆ ಬಂದಾಗ ಕಾಡಿನಿಂದ ಆನೆ ಇಳಿಯುತ್ತದೆ.