ಸ್ಕೌಟು ಉತ್ಸವಗಳೂ ಸೇವಾಧರ್ಮವೂ

ವರ್ಷದಲ್ಲಿ ಎರಡು ದಿನಗಳು ನಮ್ಮ ಸ್ಕೌಟು ಮತ್ತು ಗೈಡು ದಳಗಳಿಗೆ ಹಬ್ಬದ ದಿನಗಳು. ನವೆಂಬರ 7 ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ಸ್ಥಾಪನೆಯ ದಿನ, ಅದೇ ಧ್ವಜದಿನ. ಫೆಬ್ರುವರಿ 22 ಬೇಡನ್ ಪೊವೆಲ್ ದಂಪತಿಗಳಿಬ್ಬರ ಜನ್ಮದಿನ. 1926ರಿಂದ ಗೈಡುಗಳು ಅದನ್ನು ಚಿಂತನ ದಿನವೆಂದು ಆಚರಿಸುತ್ತ ಬಂದಿದ್ದಾರೆ. ಬೆಳಗಾವಿಯ ಕ್ಯಾಂಪ್ ಆಗಲಿ, ಖಾನಾಪುರದ ಕಾಡಂಚಿನ ಹಳ್ಳಿಯಾಗಲಿ, ದಳವಿರುವ ಶಾಲೆಗೆಲ್ಲ ಈ ದಿನಗಳ ಮಹತ್ವ ಒಂದೇ. ಧ್ವಜವಂದನೆ, ಸರ್ವಧರ್ಮ ಪ್ರಾರ್ಥನೆ, ಪ್ರತಿಜ್ಞೆಯ ಪುನರುಚ್ಚಾರ, ರಾತ್ರಿ ಶಿಬಿರಾಗ್ನಿಯ ಸುತ್ತ ಹಾಡು ಮತ್ತು ನಗೆನಾಟಕ: ಇವೆಲ್ಲ ಬಾಲಮನಸ್ಸಿಗೆ ಹಿತವಾದವು. ಇವುಗಳನ್ನು ಆಡಂಬರವೆಂದು ತಳ್ಳಿಹಾಕುವವರ ಮಾತನ್ನು ನಾವು ಒಪ್ಪುವುದಿಲ್ಲ. ಆದರೆ ಉತ್ಸವವು ಯಾವ ಕಾರ್ಯದ ಫಲವೋ ಆ ಕಾರ್ಯವೇ ಮರೆತುಹೋದರೆ, ಉಳಿಯುವುದು ಸಮವಸ್ತ್ರವೂ ಛಾಯಾಚಿತ್ರವೂ ಮಾತ್ರ.

ಈ ಚಳವಳಿ ನಮ್ಮ ದೇಶಕ್ಕೆ ಬಂದ ಬಗೆಯನ್ನು ಸ್ವಲ್ಪ ಸ್ಮರಿಸತಕ್ಕದ್ದು. 1907ರಲ್ಲಿ ಇಂಗ್ಲಂಡದ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಪ್ರಾಯೋಗಿಕ ಶಿಬಿರ ನಡೆಯಿತು. ಎರಡೇ ವರ್ಷಗಳಲ್ಲಿ, ಎಂದರೆ 1909ರಲ್ಲಿ, ಕ್ಯಾಪ್ಟನ್ ಬೇಕರರು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಭಾರತದ ಮೊದಲ ದಳವನ್ನು ಕಟ್ಟಿದರು. ಕನ್ನಡ ನಾಡಿಗೆ ಇದು ಅಭಿಮಾನದ ಸಂಗತಿಯೇ. ಆದರೆ ಆ ದಳದ ಬಾಗಿಲು ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಬಾಲಕರಿಗೆ ತೆರೆದಿತ್ತೇ ಹೊರತು ಈ ನೆಲದ ಮಕ್ಕಳಿಗಲ್ಲ. ಸರ್ವರ ಮಿತ್ರನಾಗೆಂದು ಬೋಧಿಸುವ ಸಂಸ್ಥೆ ತಾನಿರುವ ಊರಿನ ಹುಡುಗನನ್ನೇ ಹೊರಗೆ ನಿಲ್ಲಿಸಿತ್ತು.

ನಮ್ಮವರು ಬಾಗಿಲು ತಟ್ಟುತ್ತ ನಿಲ್ಲಲಿಲ್ಲ. ಮದ್ರಾಸಿನಲ್ಲಿ ಆನಿ ಬೆಸೆಂಟರೂ ಅರುಂಡೇಲರೂ ಭಾರತೀಯ ಬಾಲಕರಿಗಾಗಿ ಬೇರೆ ಸಂಘ ಕಟ್ಟಿದರು. ಮೈಸೂರು ಸಂಸ್ಥಾನದಲ್ಲಿ 1917ರಲ್ಲಿ ಸ್ಕೌಟು ಸಂಸ್ಥೆ ಹುಟ್ಟಿತು. ಅಲಹಾಬಾದಿನಲ್ಲಿ ಮಾಲವೀಯರು, ಕುಂಜ್ರು ಮತ್ತು ಶ್ರೀರಾಮ ಬಾಜಪೇಯಿಯವರು ಸೇವಾಸಮಿತಿಯ ದಳಗಳನ್ನು ಬೆಳೆಸಿದರು. ಬೇಡನ್ ಪೊವೆಲ್‌ರು ಭಾರತೀಯರ ಶೀಲವನ್ನು ಕುರಿತು ಆಡಿದ ಮಾತಿನಿಂದ ನೊಂದ ಅನೇಕರು 1938ರಲ್ಲಿ ಹಿಂದೂಸ್ಥಾನ ಸ್ಕೌಟ್ ಸಂಘದಲ್ಲಿ ಒಂದುಗೂಡಿದರು. ಸ್ವಾತಂತ್ರ್ಯಾನಂತರ, 1950ರ ನವೆಂಬರ 7ರಂದು, ಬೇರೆಬೇರೆ ಸಂಘಗಳು ಒಂದಾದವು. ಮರುವರ್ಷ ಆಗಸ್ಟ್ 15ರಂದು ಗೈಡುಗಳ ಸಂಘವೂ ಬಂದು ಕೂಡಿತು. ಆದುದರಿಂದ ನಾವು ಆಚರಿಸುವ ಧ್ವಜದಿನವು ಮುಚ್ಚಿದ ಬಾಗಿಲೊಂದು ತೆರೆದ ದಿನವೂ ಹೌದು.

ಬೆಳಗಾವಿಗಂತೂ ಸೇವೆಯ ಪಾಠವನ್ನು ಹೊರಗಿನಿಂದ ತರಬೇಕಾಗಿಲ್ಲ. 1924ರ ಡಿಸೆಂಬರದಲ್ಲಿ ಮಹಾತ್ಮರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಇಲ್ಲಿ ಜರುಗಿದಾಗ, ಡಾ. ಹರ್ಡೀಕರರ ಶಿಸ್ತಿನಲ್ಲಿ ತರಬೇತಾದ ತರುಣರು ಅದರ ಬೆನ್ನೆಲುಬಾಗಿದ್ದರು. ಉಮಾಬಾಯಿ ಕುಂದಾಪುರ ಅವರು ನೂರಕ್ಕೂ ಮಿಕ್ಕಿ ಸ್ತ್ರೀ ಸ್ವಯಂಸೇವಕರನ್ನು ಒಟ್ಟುಗೂಡಿಸಿದರು. ಹೆಂಗಸರು ಹೊಸ್ತಿಲು ದಾಟುವುದೇ ದೊಡ್ಡ ಮಾತಾಗಿದ್ದ ಕಾಲವದು. ಕಾಕಾ ಕಾಲೇಲಕರರ ಮುಂದಾಳುತನದಲ್ಲಿ ಸ್ವಯಂಸೇವಕರು, ಮೇಲ್ಜಾತಿಯವರೆನಿಸಿದವರು ಕೂಡ, ಶೌಚದ ಕೆಲಸಕ್ಕೆ ಕೈಯಿಕ್ಕಿದರು. ಇವರಾರೂ ಸ್ಕೌಟುಗಳಲ್ಲ, ಆದರೆ ಸ್ಕೌಟು ಧರ್ಮದ ಸಾರ ಇದೇ. ಅದೇ ಅಧಿವೇಶನದ ತರುವಾಯ ಗಾಂಧೀಜಿಯವರು, ಪ್ರತಿನಿಧಿ ಶುಲ್ಕವನ್ನು ಹತ್ತು ರೂಪಾಯಿಯಿಂದ ಒಂದಕ್ಕೆ ಇಳಿಸಬೇಕೆಂದು ಸೂಚಿಸಿದರು. ಬಡವನಿಗೆ ಬಾಗಿಲು ಮುಚ್ಚಿದ ಸೇವಾಸಂಸ್ಥೆ ಜನರದಾಗಲಾರದೆಂಬುದು ಅದರ ತಾತ್ಪರ್ಯ.

ಇಂದಿನ ಪ್ರಶ್ನೆಯೂ ಅದೇ. ಜನಾಂಗದ ಗೋಡೆ ಬಿದ್ದಿದೆ; ಆದರೆ ಬಟ್ಟೆ, ಶುಲ್ಕ, ಪ್ರಯಾಣದ ಖರ್ಚುಗಳ ಗೋಡೆ ಸದ್ದಿಲ್ಲದೆ ಏಳುವ ಭಯವುಂಟು. ಸಮವಸ್ತ್ರ, ಕೊರಳವಸ್ತ್ರ, ಟೋಪಿ, ಬೂಟು, ಶಿಬಿರದ ವಂತಿಗೆ ಇವುಗಳನ್ನು ಕೂಡಿಸಿ ನೋಡಿದರೆ ಕೂಲಿಕಾರನ ಮನೆಗೆ ಅದು ಅಲ್ಪವಲ್ಲ. ಶತಮಾನ ದಾಟಿದ ಶಾಲೆಗಳಿರುವ ಕ್ಯಾಂಪಿನ ಮಗುವಿಗೆ ಸುಲಭವಾದುದು, ಕಣಕುಂಬಿಯ ಮಳೆಕಾಡಿನ ಮಗುವಿಗೆ ಸುಲಭವಲ್ಲ. ವಾಸ್ತವವಾಗಿ ಗಂಟು ಹಾಕುವುದು, ಒಲೆ ಹೂಡುವುದು, ಕಾಲುದಾರಿಯ ಗುರುತು ಹಿಡಿಯುವುದು, ಹಕ್ಕಿಯ ಕೂಗನ್ನು ಅರಿಯುವುದು ಈ ವಿದ್ಯೆಗಳಲ್ಲಿ ಮಲಪ್ರಭೆಯ ಉಗಮದ ಹುಡುಗನೇ ಪೇಟೆಯ ಹುಡುಗನಿಗೆ ಗುರುವಾಗಬಲ್ಲನು!

ಇನ್ನೊಂದು ಅಪಾಯ ಪ್ರಶಸ್ತಿಪತ್ರದ ವ್ಯಾಮೋಹ. ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರಗಳು ಗೌರವದ ವಸ್ತುಗಳು. ವೃತ್ತಿಶಿಕ್ಷಣದ ಪ್ರವೇಶದಲ್ಲಿ ಸ್ಕೌಟುಗಳಿಗೆ ವಿಶೇಷ ಅವಕಾಶವಿರುವುದೂ ಅನ್ಯಾಯವಲ್ಲ. ಆದರೆ ತಂದೆತಾಯಿಗಳು ಸೀಟಿನ ಆಸೆಗಾಗಿಯೇ ಮಗುವಿಗೆ ಕೊರಳವಸ್ತ್ರ ಕಟ್ಟಿಸಿದರೆ, ದಿನಕ್ಕೊಂದು ಸತ್ಕಾರ್ಯವೆಂಬ ವ್ರತವು ಲೆಕ್ಕದ ಪುಸ್ತಕದಲ್ಲಿ ಮಾತ್ರ ನಡೆದೀತು. 2019ರ ಆಗಸ್ಟಿನ ಮಹಾಪೂರದಲ್ಲಿ ಈ ಜಿಲ್ಲೆ ಕಂಡ ಸಂಕಟವನ್ನು ನೆನೆದರೆ, ಗಂಜಿಕೇಂದ್ರದಲ್ಲಿ ಅನ್ನ ಬಡಿಸಬಲ್ಲ, ಗಾಯಕ್ಕೆ ಪಟ್ಟಿ ಕಟ್ಟಬಲ್ಲ, ಮುದುಕರ ಕೈಹಿಡಿದು ನಡೆಸಬಲ್ಲ ಹುಡುಗ-ಹುಡುಗಿಯರು ಎಷ್ಟು ಬೇಕೆಂಬುದು ತಿಳಿಯುತ್ತದೆ.

ಆದುದರಿಂದ ನಮ್ಮ ಸೂಚನೆಗಳಿವು. ಕ್ಯಾಂಪಿನ ಮತ್ತು ಪಟ್ಟಣದ ಒಂದೊಂದು ದಳವು ಖಾನಾಪುರ ತಾಲೂಕಿನ ಒಂದೊಂದು ಸರಕಾರಿ ಶಾಲೆಯೊಡನೆ ಜೋಡಿಯಾಗಲಿ. ಒಂದು ಶಿಬಿರ ಇಲ್ಲಿ, ಒಂದು ಶಿಬಿರ ಅಲ್ಲಿ ನಡೆಯಲಿ. ಚಿಕ್ಕದಾದ ಸಮವಸ್ತ್ರಗಳನ್ನು ಕೂಡಿಟ್ಟು ಇಲ್ಲದವರಿಗೆ ಕೊಡುವ ಏರ್ಪಾಡು ಪ್ರತಿ ಶಾಲೆಯಲ್ಲಿರಲಿ. ಒಂದೇ ಗುಂಪಿನಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ಮನೆಮಾತಿನ ಮಕ್ಕಳು ಕೂಡಿ ಅಡಿಗೆ ಮಾಡಲಿ. ನಾಡಿನ ನುಡಿಯನ್ನು ಎಲ್ಲರೂ ಕಲಿಯಲಿ, ನೆರೆಯವನ ನುಡಿಯನ್ನೂ ಪ್ರೀತಿಯಿಂದ ಅರಿಯಲಿ. ಹಿರಿಯರು ಸಭೆಗಳಲ್ಲಿ ಬಿಡಿಸಲಾರದ ಗಂಟನ್ನು ಮಕ್ಕಳು ಒಂದು ಒಲೆಯ ಮುಂದೆ ಸಡಿಲಿಸಿಯಾರು. ಉತ್ಸವದ ದಿನ ಅತಿಥಿಗಳ ಭಾಷಣ ಕಿರಿದಾಗಲಿ. ವರ್ಷದಲ್ಲಿ ಮಾಡಿದ ಸೇವೆಯ ವರದಿಯನ್ನು ಮಕ್ಕಳೇ ನಾಗರಿಕರ ಮುಂದೆ ಓದಲಿ.

ಇದಕ್ಕೆ ಹೆಚ್ಚು ಹಣ ಬೇಕಿಲ್ಲ. ಬೇಕಾದುದು ಶಿಕ್ಷಣಾಧಿಕಾರಿಗಳ ಮನಸ್ಸು, ಶಿಕ್ಷಕರಿಗೆ ಕೆಲವು ಗಂಟೆಗಳ ಬಿಡುವು, ನಾಗರಿಕರ ಚಿಕ್ಕ ನೆರವು. ಗೈಡುಗಳು 1932ರಿಂದ ಚಿಂತನ ದಿನದಂದು ದೂರದೇಶದ ಸೋದರಿಯರಿಗಾಗಿ ಒಂದು ಸಣ್ಣ ನಾಣ್ಯವನ್ನು ತೆಗೆದಿಡುವ ಪರಿಪಾಠ ಹಾಕಿಕೊಂಡರು. ನಮ್ಮ ಪಟ್ಟಣದವರು ಹತ್ತಾರು ಹರದಾರಿಯ ಆಚೆಗಿರುವ ಸ್ವಂತ ತಾಲೂಕಿನ ಮಕ್ಕಳಿಗಾಗಿ ಅಷ್ಟನ್ನಾದರೂ ಮಾಡಲಾರರೇ? ಮುಂದಿನ ಧ್ವಜದಿನದೊಳಗೆ ಇದಕ್ಕೆ ಆರಂಭವಾದೀತೆಂದು ಆಶಿಸುತ್ತೇವೆ.