ಓದಿದ್ದು, ನೋಡಿದ್ದು, ಬಿಟ್ಟದ್ದು



ನನ್ನ ಮೇಜಿನ ಮೇಲೆ ಇನ್ನೂರು ಪುಟಗಳ ಒಂದು ನೋಟುಪುಸ್ತಕವಿದೆ. ಮನೆಗೆ ಬಂದವರು ಅದನ್ನು ಖರ್ಚುವೆಚ್ಚದ ಲೆಕ್ಕವೆಂದೇ ಭಾವಿಸುತ್ತಾರೆ. ಅದು ಲೆಕ್ಕವೇ ಹೌದು, ಆದರೆ ಹಣದ್ದಲ್ಲ. ನಾನು ಓದಿದ ಪುಸ್ತಕಗಳನ್ನೂ ಟಿ.ವಿ.ಯಲ್ಲಿ ನೋಡಿದ ಕಾರ್ಯಕ್ರಮಗಳನ್ನೂ ಅದರಲ್ಲಿ ದಿನಾಂಕ ಸಹಿತ ಬರೆದಿಡುತ್ತೇನೆ. "ಈ ವಯಸ್ಸಿನಲ್ಲಿ ಇದೆಂತಹ ಹುಚ್ಚು?" ಎಂದು ಕೇಳುವವರಿದ್ದಾರೆ. ಅವರಿಗೆ ಉತ್ತರ ಕೊಡುವ ನೆಪದಲ್ಲಿ, ಬಹುಕಾಲದಿಂದ ಮನಸ್ಸಿನಲ್ಲಿ ಉಳಿದಿರುವ ಒಂದು ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕೆಂದಿದ್ದೇನೆ.

ನಿವೃತ್ತನಾದ ಮೇಲೆ ನಾನು ಬರೆಯತೊಡಗಿದ್ದು ಪುಸ್ತಕಗಳ ಹೆಸರನ್ನು ಮಾತ್ರ. ಓದುವುದು ಘನವಾದ ಕೆಲಸ, ನೋಡುವುದು ಕಾಲಹರಣ ಎಂಬ ನಂಬಿಕೆ ನನ್ನ ತಲೆಮಾರಿನ ಉಪಾಧ್ಯಾಯರಲ್ಲಿ ಬಲವಾಗಿತ್ತು. 2020ರ ಮಾರ್ಚ್ 28ರಂದು ದೂರದರ್ಶನವು ಹಳೆಯ 'ರಾಮಾಯಣ'ವನ್ನು ಮರುಪ್ರಸಾರ ಮಾಡತೊಡಗಿತು. ಲಾಕ್‌ಡೌನಿನ ದಿನಗಳು, ತೆಕ್ಕಟ್ಟೆಯ ಹೆದ್ದಾರಿಯಲ್ಲಿ ಒಂದು ಬಸ್ಸಿನ ಸದ್ದೂ ಇರಲಿಲ್ಲ. ನಾನೂ ನನ್ನ ಪತ್ನಿಯೂ ದಿನವೂ ತಪ್ಪದೆ ಟಿ.ವಿ.ಯ ಮುಂದೆ ಕುಳಿತೆವು. ಒಂದು ರಾತ್ರಿ ನಾನು ನೋಟುಪುಸ್ತಕ ತೆರೆದು, ಆ ವಾರ ಓದಿದ್ದು ಏನೂ ಇಲ್ಲವೆಂದು ಮುಚ್ಚುತ್ತಿದ್ದಾಗ ಅವಳು ಕೇಳಿದಳು: "ಇಷ್ಟು ದಿನ ಕಣ್ಣಲ್ಲಿ ನೀರು ತುಂಬಿಕೊಂಡು ನೋಡಿದ್ದನ್ನು ಯಾಕೆ ಬರೆಯುವುದಿಲ್ಲ? ಅದನ್ನು ನೋಡಿದ್ದು ಬೇರೆ ಯಾರೋ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದೇ ಪುಟದ ನಡುವೆ ಒಂದು ಗೆರೆ ಎಳೆದೆ. ಎಡಕ್ಕೆ ಓದಿದ್ದು, ಬಲಕ್ಕೆ ನೋಡಿದ್ದು. ಆದರೆ ಗೆರೆ ಎಳೆಯುವಾಗ ನನ್ನ ಕೈ ಒಂದು ಕ್ಷಣ ತಡೆಯಿತು. ಅಂತಹದೇ ಗೆರೆಯನ್ನು ಬಹಳ ಹಿಂದೆ ಒಬ್ಬ ಹುಡುಗನ ಪುಸ್ತಕದಲ್ಲಿ ನೋಡಿದ್ದೆ.

ಅದು 1988-89ನೆಯ ಶಾಲಾ ವರ್ಷ. ಒಂಬತ್ತನೆಯ ತರಗತಿಯ ಮಕ್ಕಳು ತಿಂಗಳಿಗೊಮ್ಮೆ ತಾವು ಓದಿದ ಪಠ್ಯೇತರ ಪುಸ್ತಕಗಳ ಪಟ್ಟಿಯನ್ನು ಬರೆದು ತೋರಿಸಬೇಕೆಂಬ ನಿಯಮವನ್ನು ನಾನು ಮಾಡಿದ್ದೆ. ಡಿಸೆಂಬರ್ ತಿಂಗಳ ಪಟ್ಟಿಯನ್ನು ತಂದ ಹುಡುಗರಲ್ಲಿ ಒಬ್ಬನು ಪುಟವನ್ನು ಎರಡಾಗಿ ಭಾಗ ಮಾಡಿದ್ದ. ಓದಿದ್ದು: ಒಂದು. ನೋಡಿದ್ದು: ಟಿ.ವಿ.ಯಲ್ಲಿ 'ಮಹಾಭಾರತ', ನಾಲ್ಕು ಭಾನುವಾರ, ಆಟ, ಐದು. ನಮ್ಮ ಕಡೆ ಆಟವೆಂದರೆ ಯಕ್ಷಗಾನವೆಂಬುದನ್ನು ಹೊರಗಿನ ಓದುಗರಿಗಾಗಿ ಹೇಳುತ್ತಿದ್ದೇನೆ. ಆ ಐದು ಆಟಗಳ ಪ್ರಸಂಗಗಳ ಹೆಸರನ್ನೂ ಅವನು ಬರೆದಿದ್ದ. 'ಭೀಷ್ಮ ವಿಜಯ'ದ ಕೆಳಗೆ ಒಂದು ವಾಕ್ಯವೂ ಇತ್ತು. ಟಿ.ವಿ.ಯ ಭೀಷ್ಮನನ್ನು ಕಂಡರೆ ಪಾಪ ಎನಿಸುತ್ತದೆ, ಆಟದ ಭೀಷ್ಮನನ್ನು ಕಂಡರೆ ಹೆದರಿಕೆಯಾಗುತ್ತದೆ ಎಂಬುದು ಅದರ ತಾತ್ಪರ್ಯ.

ನಾನು ಆ ಬಲಭಾಗವನ್ನು ಪೂರ್ತಿಯಾಗಿ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. "ಓದಿದ ಪುಸ್ತಕ ಒಂದೇಯಾ? ನೋಡಿದ್ದು ಯಾರಿಗೆ ಬೇಕು?" ಎಂದು ತರಗತಿಯ ಎದುರಿನಲ್ಲೇ ಗದರಿಸಿದೆ. ಅವನು ತಲೆ ತಗ್ಗಿಸಿ, "ಹಂಗಾರೆ ಸುಳ್ಳ್ ಬರೀಕಾ ಮಾಷ್ಟ್ರೇ?" ಎಂದು ಕೇಳಿದ. ಮಕ್ಕಳೆಲ್ಲ ನಕ್ಕರು. ಅದನ್ನು ಉದ್ಧಟತನವೆಂದು ಭಾವಿಸಿ ನಾನು ಅವನನ್ನು ಆ ಅವಧಿ ಮುಗಿಯುವವರೆಗೆ ನಿಲ್ಲಿಸಿದೆ.

ಮುಂದಿನ ತಿಂಗಳು ಅವನ ಪಟ್ಟಿಯಲ್ಲಿ ಎಂಟು ಪುಸ್ತಕಗಳಿದ್ದವು. ನಾನು ಸಂತೋಷಪಟ್ಟು 'ಉತ್ತಮ' ಎಂದು ಬರೆದು, ಉಳಿದವರಿಗೆ ಅವನನ್ನು ಮಾದರಿಯಾಗಿ ತೋರಿಸಿದೆ. ಬೆಂಗಳೂರಿನಲ್ಲಿ ಹೋಟೆಲ್ ನಡೆಸುತ್ತಿರುವ ಅವನು ಕೆಲವು ವರ್ಷಗಳ ಹಿಂದೆ ಊರಿನ ಹೊಸ ಮನೆಯ ಒಕ್ಕಲಿಗೆ ಕರೆಯಲು ಬಂದಿದ್ದಾಗ ನಗುತ್ತಲೇ ಸತ್ಯವನ್ನು ಹೇಳಿದ. ಆ ಎಂಟು ಹೆಸರುಗಳನ್ನು ಅವನು ಗ್ರಂಥಾಲಯದ ರಿಜಿಸ್ಟರಿನಿಂದ ನೋಡಿ ಬರೆದಿದ್ದನಂತೆ. ಒಂದನ್ನೂ ಓದಿರಲಿಲ್ಲ. "ಆಟದ ಹೆಸರುಗಳನ್ನು ಬರೆಯುವಾಗ ಖುಷಿಯಿಂದ ಬರೆದಿದ್ದೆ ಮಾಷ್ಟ್ರೇ" ಎಂದಷ್ಟೇ ಹೇಳಿ ಕಾಫಿ ಕುಡಿದು ಹೊರಟ. ಅವನಿಗೆ ಅದು ತಮಾಷೆ. ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ. ನಿಜವನ್ನು ಬರೆದಾಗ ಹೊಡೆದುಹಾಕಿ, ಸುಳ್ಳನ್ನು ಬರೆದಾಗ 'ಉತ್ತಮ' ಎಂದ ಉಪಾಧ್ಯಾಯ ನಾನು!

ಈಗ ಯೋಚಿಸಿದರೆ, ನೋಡುವುದನ್ನು ಹೀಗಳೆಯಲು ನನಗೆ ಯಾವ ಅಧಿಕಾರವಿತ್ತು? 'ದೇಶ ಸುತ್ತು, ಕೋಶ ಓದು' ಎಂಬ ಗಾದೆಯಲ್ಲಿಯೂ ನೋಡುವುದಕ್ಕೇ ಮೊದಲ ಸ್ಥಾನ. ಅದರಲ್ಲೂ ತೆಕ್ಕಟ್ಟೆಯವರಾದ ನಾವು ಹಾಗೆ ಹೇಳಲೇಬಾರದು. ಪಕ್ಕದ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ, 'ಯಕ್ಷಗಾನ ಬಯಲಾಟ' ಎಂಬ ಗ್ರಂಥಕ್ಕೆ. ಎಷ್ಟೋ ರಾತ್ರಿ ನಿದ್ದೆಗೆಟ್ಟು ನೋಡಿದ್ದರ ಫಲವಲ್ಲವೇ ಅದು? ನೋಡಿದವರು ಬರೆದಿಟ್ಟರೆ ಅದೇ ವಿದ್ಯೆಯಾಗುತ್ತದೆ. ನನ್ನ ಶಿಷ್ಯನು ಬರೆದಿಟ್ಟಿದ್ದ, ಗುರುವಾದವನು ಅಳಿಸಿದ.

ಟಿ.ವಿ.ಯು ಪುಸ್ತಕದ ಶತ್ರುವೆಂಬ ಮಾತೂ ಪೂರ್ತಿ ನಿಜವಲ್ಲ. 1986-87ರಲ್ಲಿ ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಪ್ರಸಾರವಾದಾಗ, ಘಟ್ಟದ ಮೇಲಿನ ನಮ್ಮ ಆಗುಂಬೆಯೇ ಮಾಲ್ಗುಡಿಯಾಗಿದೆ ಎಂದು ತಿಳಿದು ಮಕ್ಕಳು ಕುಣಿದಾಡಿದ್ದರು. ಆರ್. ಕೆ. ನಾರಾಯಣ್ ಎಂಬ ಹೆಸರನ್ನು ಅವರು ಮೊದಲು ಕೇಳಿದ್ದು ನನ್ನ ಪಾಠದಲ್ಲಲ್ಲ, ಆ ಧಾರಾವಾಹಿಯಲ್ಲಿ. ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾದ 'ಥಟ್ ಅಂತ ಹೇಳಿ' ಕಾರ್ಯಕ್ರಮದಲ್ಲಿ ಡಾ. ನಾ. ಸೋಮೇಶ್ವರ ಅವರು ಸರಿಯುತ್ತರಕ್ಕೆ ಬಹುಮಾನವಾಗಿ ಕೊಡುತ್ತ ಬಂದದ್ದು ಹಣವನ್ನಲ್ಲ, ಕನ್ನಡ ಪುಸ್ತಕಗಳನ್ನು. ಅಲ್ಲಿ ಹೆಸರು ಕೇಳಿ, ಬರೆದಿಟ್ಟುಕೊಂಡು, ಆಮೇಲೆ ತರಿಸಿ ಓದಿದ ಪುಸ್ತಕಗಳು ನನ್ನ ಎಡಭಾಗದ ಪಟ್ಟಿಯಲ್ಲಿವೆ. ಬಲದಿಂದ ಎಡಕ್ಕೆ ಹೀಗೆ ದಾರಿಯಿದೆಯೆಂಬುದು ಎರಡನ್ನೂ ಬರೆದಾಗಲೇ ನನಗೆ ಕಂಡದ್ದು.

ಎಡದಿಂದ ಬಲಕ್ಕೂ ದಾರಿಯುಂಟು. 1933ರ 'ಚೋಮನ ದುಡಿ' ಕಾದಂಬರಿಯನ್ನು ನಾನು ಮತ್ತೆ ಓದಿದ ಬಳಿಕ, ಬಿ. ವಿ. ಕಾರಂತರು 1975ರಲ್ಲಿ ತೆಗೆದ ಚಿತ್ರವನ್ನು ಮೊಮ್ಮಗಳ ಮೊಬೈಲಿನಲ್ಲಿ ನೋಡಿದೆ. ಓದಿದ ದಿನದ ಟಿಪ್ಪಣಿ ಚೋಮನ ಬೇಸಾಯದ ಆಸೆಯ ಕುರಿತಾಗಿದೆ. ನೋಡಿದ ದಿನದ ಟಿಪ್ಪಣಿ ವಾಸುದೇವ ರಾಯರ ಕಣ್ಣುಗಳ ಕುರಿತಾಗಿದೆ. ಒಂದೇ ಕಥೆ, ಎರಡು ಅನುಭವ. ಇವುಗಳಲ್ಲಿ ಯಾವುದನ್ನು ಹೊಡೆದುಹಾಕಲಿ?

ಹಾಗೆಂದು ಎರಡೂ ಸಮಾನವೆಂದು ನಾನು ವಾದಿಸುತ್ತಿಲ್ಲ. ನೋಟುಪುಸ್ತಕವು ನನ್ನ ದೌರ್ಬಲ್ಯಗಳನ್ನೂ ಮುಚ್ಚುಮರೆಯಿಲ್ಲದೆ ತೋರಿಸಿದೆ. ಕಳೆದ ಮಳೆಗಾಲದ ಮೂರು ತಿಂಗಳ ಪುಟಗಳನ್ನು ಕೂಡಿಸಿ ನೋಡಿದೆ. ಓದಿ ಮುಗಿಸಿದ ಪುಸ್ತಕಗಳು ನಾಲ್ಕು. ನೋಡಿದ ಧಾರಾವಾಹಿಯ ಕಂತುಗಳು ಅರವತ್ತಕ್ಕೂ ಮಿಕ್ಕಿ. ಆ ಅರವತ್ತು ಕಂತುಗಳಲ್ಲಿ ಏನಾಯಿತೆಂದು ಕೇಳಿದರೆ, ಅತ್ತೆ ಸೊಸೆಯ ಮೇಲೆ ಸಿಟ್ಟಾಗಿದ್ದಾಳೆ ಎಂಬುದರ ಹೊರತು ನನಗೇನೂ ನೆನಪಾಗಲಿಲ್ಲ. ಮೊದಲ ಕಂತಿನಲ್ಲಿಯೂ ಅವಳು ಸಿಟ್ಟಾಗಿಯೇ ಇದ್ದಳು! ಧಾರಾವಾಹಿಯನ್ನು ಹೆಣೆಯುವುದೇ ನಾಳೆಯೂ ನಾವು ಕುಳಿತುಕೊಳ್ಳುವಂತೆ. ಮುಗಿಯುವುದು ಅದಕ್ಕೆ ಬೇಕಾಗಿಲ್ಲ. ಪುಸ್ತಕವನ್ನಾದರೆ ಬೇಕಾದಲ್ಲಿ ನಿಲ್ಲಿಸಿ, ಹಿಂದಿನ ಪುಟಕ್ಕೆ ಹೋಗಿ, ಮತ್ತೆ ಮುಂದುವರಿಯಬಹುದು. ಈ ವ್ಯತ್ಯಾಸವನ್ನು ನಾನು ಮೂರು ದಶಕ ಕಾಲ ಮಕ್ಕಳಿಗೆ ಉಪದೇಶಿಸಿದ್ದೆ. ಆದರೆ ಅದು ನನಗೇ ಮನದಟ್ಟಾದದ್ದು ಈ ಲೆಕ್ಕವನ್ನು ಬರೆದ ಮೇಲೆ. ಆ ಧಾರಾವಾಹಿಯನ್ನು ಬಿಟ್ಟದ್ದು ಉಪದೇಶದಿಂದಲ್ಲ, ಬಲಭಾಗದಲ್ಲಿ ಬರೆಯಲು ಒಂದು ವಾಕ್ಯವೂ ಸಿಗದೆ ನಾಚಿಕೆಯಾದದ್ದರಿಂದ. ಪುಸ್ತಕಗಳಲ್ಲಿಯೂ ಅಂತಹವು ಇಲ್ಲದಿಲ್ಲ. ವಾರದ ನಂತರ ಒಂದು ಮಾತೂ ನೆನಪಿರದ ದಪ್ಪ ಪುಸ್ತಕಗಳು ನನ್ನ ಎಡಭಾಗದಲ್ಲಿಯೂ ಇವೆ.

"ನಾವು ಏನು ನೋಡಿದೆವೆಂದು ಮೊಬೈಲೇ ನೆನಪಿಟ್ಟುಕೊಳ್ಳುತ್ತದಲ್ಲ ಅಜ್ಜ, ನೀವು ಯಾಕೆ ಬರೆಯುತ್ತೀರಿ?" ಎಂದು ಮೊಮ್ಮಗಳು ಕೇಳುತ್ತಾಳೆ. ಹೌದು, ಯೂಟ್ಯೂಬಿನಲ್ಲಿ ನಾನು ನೋಡಿದ ಆಟಗಳ ಪಟ್ಟಿ ನನಗಿಂತ ಚೆನ್ನಾಗಿ ಯೂಟ್ಯೂಬಿಗೇ ಗೊತ್ತು. ಆದರೆ ಅದು ನೆನಪಿಟ್ಟುಕೊಳ್ಳುವುದು ಮುಂದಿನದನ್ನು ನನ್ನ ಮುಂದೆ ಹಿಡಿಯಲಿಕ್ಕೆ. ನೋಡುತ್ತ ನಾನು ನಿದ್ದೆ ಹೋದೆನೋ, ಅತ್ತೆನೋ ಅದಕ್ಕೆ ತಿಳಿಯದು. ನಮ್ಮ ಪಂಚಾಯತ್ ಗ್ರಂಥಾಲಯಗಳ ರಿಜಿಸ್ಟರ್ ಕೂಡ ಅಷ್ಟೇ. ಯಾರು ಯಾವ ಪುಸ್ತಕವನ್ನು ಒಯ್ದರೆಂದು ಅದು ಹೇಳೀತು, ಓದಿದರೆಂದು ಹೇಳದು. ಅದನ್ನು ಓದಿದವನೇ ಹೇಳಬೇಕು.

ಅವಳಿಗೂ ಒಂದು ಪಟ್ಟಿಯಿದೆ. ವರ್ಷಕ್ಕೆ ಐವತ್ತು ಪುಸ್ತಕ ಓದುತ್ತೇನೆಂದು ಗೆಳತಿಯರೊಂದಿಗೆ ಪಂಥ ಕಟ್ಟಿದ್ದಾಳೆ. ಡಿಸೆಂಬರ್ ಬಂತೆಂದರೆ ತೆಳ್ಳಗಿನ ಪುಸ್ತಕಗಳನ್ನೇ ಹುಡುಕುತ್ತಾಳೆ! ನಾನು ಬೈಯುವುದಿಲ್ಲ. ಸಂಖ್ಯೆಗೆ 'ಉತ್ತಮ' ಎಂದು ಬರೆಯುವ ತಪ್ಪನ್ನು ಅವಳಿಗಿಂತ ಮೊದಲು ಮಾಡಿದವನು ನಾನೇ. "ಐವತ್ತರಲ್ಲಿ ಯಾವುದನ್ನು ಇನ್ನೊಮ್ಮೆ ಓದುತ್ತೀಯೆ?" ಎಂದು ಮಾತ್ರ ಕೇಳಿದೆ. ಬಹಳ ಹೊತ್ತು ಯೋಚಿಸಿ ಎರಡು ಹೆಸರು ಹೇಳಿದಳು. ಆ ಎರಡೇ ಅವಳ ವರ್ಷದ ಗಳಿಕೆಯೆಂದು ನನ್ನ ಎಣಿಕೆ.

ಬರೆದಿಡುವುದು ನಮ್ಮಂತಹ ಮುದುಕರ ಚಾಳಿಯಷ್ಟೇ ಅಲ್ಲ. ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ 1838ರಿಂದ 1860ರವರೆಗೆ ತಾನು ಓದಿದ ಹಾಗೂ ಓದಬೇಕಾದ ಪುಸ್ತಕಗಳ ಪಟ್ಟಿಯನ್ನು ನೋಟುಪುಸ್ತಕಗಳಲ್ಲಿ ಬರೆಯುತ್ತ ಬಂದ. 1922ರಿಂದ 1924ರವರೆಗೆ ಯರವಡಾ ಜೈಲಿನಲ್ಲಿದ್ದ ಗಾಂಧೀಜಿಯವರು ಓದಿ ಮುಗಿಸಿದ ಪುಸ್ತಕಗಳನ್ನು ಅಲ್ಲಿನ ದಿನಚರಿಯಲ್ಲಿ ದಾಖಲಿಸಿದ್ದಾರೆ. ಅವರಾರೂ ಯಾರಿಂದಲೂ ಅಂಕ ಪಡೆಯಲು ಬರೆಯಲಿಲ್ಲ. ಪರೀಕ್ಷಕನಿಲ್ಲದ ಪಟ್ಟಿಯಲ್ಲಿ ಸುಳ್ಳು ಬರೆಯುವ ಅಗತ್ಯವೇ ಬೀಳುವುದಿಲ್ಲ. ನಾನು ಅಂದು ಮಾಡಿದ ಮೂಲ ತಪ್ಪು ಅದೇ ಎಂದು ಈಗ ತೋರುತ್ತದೆ. ಪಟ್ಟಿ ಬರೆಸಿದ್ದು ಸರಿ. ಅದನ್ನು ತಿದ್ದಲು ಹೋದದ್ದು ತಪ್ಪು.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಒಂದು ನೋಟುಪುಸ್ತಕ ಕೊಳ್ಳಿ. ಓದಿದ್ದನ್ನೂ ನೋಡಿದ್ದನ್ನೂ ದಿನಾಂಕದೊಂದಿಗೆ ಬರೆಯಿರಿ. ಯಾರ ಜೊತೆ ಕುಳಿತು ನೋಡಿದಿರೆಂಬುದನ್ನೂ ಬರೆಯಿರಿ. ಮುಂದೆ ಅದೇ ಅಮೂಲ್ಯವಾಗುತ್ತದೆ. ಒಂದು ವಾರ ಕಳೆದ ಮೇಲೆ ಒಂದೇ ಒಂದು ವಾಕ್ಯವನ್ನು ಸೇರಿಸಿ. ವಾಕ್ಯ ಸಿಗದಿದ್ದರೆ ಜಾಗವನ್ನು ಖಾಲಿ ಬಿಡಿ. ಖಾಲಿ ಜಾಗವೂ ನಿಮಗೆ ಏನನ್ನೋ ಹೇಳುತ್ತದೆ. ಅರ್ಧಕ್ಕೆ ಬಿಟ್ಟದ್ದನ್ನೂ ಬರೆಯಲು ಸಂಕೋಚ ಬೇಡ. ನನ್ನ ಪುಸ್ತಕದ ಕೊನೆಯ ಪುಟಗಳಲ್ಲಿ 'ಬಿಟ್ಟದ್ದು' ಎಂಬ ಪಟ್ಟಿಯಿದೆ. ಹೆಸರಾಂತ ಕೃತಿಗಳೂ ಅದರಲ್ಲಿವೆ. ಯಾವುವೆಂದು ಹೇಳಿದರೆ ನನ್ನ ಹಳೆಯ ಸಹೋದ್ಯೋಗಿಗಳು ಮನೆಗೆ ಬರುವುದನ್ನು ನಿಲ್ಲಿಸಿಯಾರು! ಮಕ್ಕಳಿಂದ ಬರೆಯಿಸುವಿರಾದರೆ ದಯವಿಟ್ಟು ಕೆಂಪು ಶಾಯಿಯನ್ನು ದೂರವಿಡಿ.

ಕಳೆದ ತಿಂಗಳು ಆ ನನ್ನ ಶಿಷ್ಯನಿಗೆ ಫೋನ್ ಮಾಡಿ, 1988ರ ಆ ಐದು ಆಟಗಳು ಯಾವುವೆಂದು ಕೇಳಿದೆ. ನಾನು ಮರೆತಿದ್ದೆ; ಅವನು ಮರೆತಿರಲಿಲ್ಲ. ಐದನ್ನೂ ಕ್ರಮವಾಗಿ ಹೇಳಿದ. ನನ್ನ ನೋಟುಪುಸ್ತಕದ ಬಲಭಾಗದಲ್ಲಿ ಅವನ ಹೆಸರಿನ ಕೆಳಗೆ ಅವುಗಳನ್ನು ಬರೆದುಕೊಂಡಿದ್ದೇನೆ. ಭೀಷ್ಮನ ಕುರಿತಾದ ಅವನ ವಾಕ್ಯವನ್ನೂ ಬರೆದಿದ್ದೇನೆ. ಅದರ ಕೆಳಗೆ 'ಉತ್ತಮ' ಎಂದು ಬರೆಯಬೇಕೆನಿಸಿತು. ಆದರೆ ಈ ಬಾರಿ ಏನನ್ನೂ ಬರೆಯದೆ ಪುಸ್ತಕವನ್ನು ಮುಚ್ಚಿದೆ.

ನಿಮ್ಮ ಪಟ್ಟಿಗಳೂ ಆರಂಭವಾಗಲಿ. ಊರಿಗೆ ಬಂದಾಗ ತೋರಿಸಿ, ಓದುತ್ತೇನೆ, ತಿದ್ದುವುದಿಲ್ಲ.